ಕಂಪನಿ ಮಾಸ್ತರು ಹೇಳಿದ ಒಂದು ಇಂಗ್ಲಿಷ್ ಮಾತು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ನೀಲಿಯಾಗಿರುತ್ತಿದ್ದವು. ಕಾರ್ಬನ್ ಕಾಗದದ ನೀಲಿ. ಸೋಪು ಹಚ್ಚಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿದೇ ಬಿಡುತ್ತಿತ್ತು. ಈಗ ಅವರನ್ನು ನೆನೆದರೆ ಮೊದಲು ಕಾಣುವುದು ಆ ಬೆರಳುಗಳು, ಆಮೇಲೆ ಬರುವುದು ಸಿಟ್ಟು.

ನಾವು ಅವರನ್ನು ಕಂಪನಿ ಮಾಸ್ತರು ಎನ್ನುತ್ತಿದ್ದೆವು. ವಾರವೆಲ್ಲ ಫೋರ್ಟಿನ ಒಂದು ಅಮೆರಿಕನ್ ಕಂಪನಿಯಲ್ಲಿ ಗುಮಾಸ್ತರು, ರವಿವಾರ ಬೈಕುಲ್ಲಾದ ನಮ್ಮ ಕನ್ನಡ ಶಾಲೆಯಲ್ಲಿ ಮಾಸ್ತರು. ಉಡುಪಿ ಕಡೆಯವರು. ಬೊರಿವಲಿಯಿಂದ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ, ಬೆಳಗ್ಗೆ ಎಂಟಕ್ಕೆಲ್ಲ ಬಂದಿರುತ್ತಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಬಡವರ ಮಕ್ಕಳಿಗೆ ಅಮೆರಿಕದ ವ್ಯಾಪಾರದ ರೀತಿ ಕಲಿಸಿ ಉದ್ಧಾರ ಮಾಡುವ ಉಮೇದು ಅವರ ಕಂಪನಿಗೆ ಬಂದಿತ್ತು. ಹದಿನಾಲ್ಕು ಮಕ್ಕಳು ಸೇರಿ ನಿಜವಾದ ಒಂದು ಪುಟ್ಟ ಕಂಪನಿ ಕಟ್ಟಬೇಕು, ನಾವಿದ್ದ ಚಾಳಿನ ವಠಾರದವರಿಗೆ ಒಂದೊಂದು ರೂಪಾಯಿಯ ಷೇರು ಮಾರಬೇಕು, ಏನಾದರೊಂದು ವಸ್ತು ತಯಾರಿಸಿ ಮಾರಬೇಕು, ಕೊನೆಗೆ ಷೇರುದಾರರ ಸಭೆ ನಡೆಸಬೇಕು. ಇದಕ್ಕೆ ‘ಫ್ರೀ ಎಂಟರ್‌ಪ್ರೈಸ್’ ಎಂದು ಹೆಸರು. ಫ್ರೀ ಎಂದರೆ ಪುಕ್ಕಟೆ ಎಂದುಕೊಂಡೇ ಅಪ್ಪ ನನ್ನನ್ನು ಕಳಿಸಿದ್ದ.

ಕಂಪನಿ ಕೊಟ್ಟ ಪುಸ್ತಕ ಇಂಗ್ಲಿಷಿನದು. ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಾಸ್ತರು ಅದನ್ನು ಕನ್ನಡಕ್ಕೆ ಮಾಡಿ, ಕಾರ್ಬನ್ ಇಟ್ಟು ಒತ್ತಿ ಒತ್ತಿ ಹದಿನಾಲ್ಕು ಪ್ರತಿ ಬರೆದರು. ಇಂಗ್ಲಿಷ್ ಪುಸ್ತಕದಲ್ಲಿ ಮಕ್ಕಳ ಕಂಪನಿಯ ಅಧ್ಯಕ್ಷನಿಗೆ ಎಲ್ಲ ಕಡೆ ‘ಹಿ’ ಎಂದೇ ಇತ್ತಂತೆ. ಇವರು ಮರ್ಯಾದೆಗೆಂದು ‘ಅಧ್ಯಕ್ಷರು’, ‘ಅವರು’ ಎಂದು ಬರೆದಿದ್ದರು. ಅವರು ಎಂದರೆ ಗಂಡಸೂ ಆಗಬಹುದು, ಹೆಂಗಸೂ ಆಗಬಹುದು. ಹಾಗಾಗಿ ಎಲ್ಲರೂ ಕೈ ಎತ್ತಿ ಹುಡುಗಿಯಾದ ನನ್ನನ್ನು ಅಧ್ಯಕ್ಷರನ್ನಾಗಿ ಆರಿಸಿದಾಗ ಯಾರಿಗೂ ತಪ್ಪೆನಿಸಲಿಲ್ಲ. ನನಗಾಗ ಹದಿನೈದು ವರ್ಷ.

“ಮಾರ್ಕೆಟ್ಟು ನಿನ್ನ ಜಾತಿ ಕೇಳುದಿಲ್ಲ, ಗಂಡಾ ಹೆಣ್ಣಾ ಅಂತ ಕೇಳುದಿಲ್ಲ. ಮಾಲು ಒಳ್ಳೇದುಂಟಾ ಅಂತ ಮಾತ್ರ ಕೇಳ್ತದೆ,” ಎಂದು ಮಾಸ್ತರು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನಾನು ಅದನ್ನು ನಂಬಿದ್ದೆ.

ನಾವು ಹೊಲಿದದ್ದು ಊಟದ ಡಬ್ಬಿಯ ಚೀಲ, ಮಿಲ್ಲಿನ ಚಿಂದಿ ಬಟ್ಟೆಯದು. ಮೊದಲು ಯಾರೂ ಕೊಳ್ಳಲಿಲ್ಲ. ಲೋಕಲ್ಲಿನ ನೂಕುನುಗ್ಗಲಿನಲ್ಲಿ ಒಂದು ಕೈ ಮೇಲಿನ ಹಿಡಿಕೆಗೆ ಬೇಕು, ಇನ್ನೊಂದು ಕೈ ಜೇಬು ಕಾಯಲಿಕ್ಕೆ ಬೇಕು, ಚೀಲ ಹಿಡಿಯುವುದು ಯಾವ ಕೈಯಲ್ಲಿ? ನಾನು ಪಟ್ಟಿ ಉದ್ದ ಮಾಡಿ, ಹೆಗಲಿಗೆ ಹಾಕುವಂತೆ ಹೊಲಿದೆ. ಬೈಕುಲ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಮಾರಿದೆ. ಮಾಸ್ತರು ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡುತ್ತಿದ್ದರು. ಒಬ್ಬ ‘ಮಹಾಗ್ ಆಹೆ’ ಎಂದು ಬೆಲೆಗೆ ಮೂಗು ಮುರಿದ. ನಾನು ಚೀಲ ಹಿಂದಕ್ಕೆ ಎಳೆದುಕೊಂಡೆ. ಅವನು ಹೋದ ಮೇಲೆ ಮಾಸ್ತರು ಹತ್ತಿರ ಬಂದರು.

“ನೀನು ಅವನ ಬಾಯಿ ಕೇಳಿದೆ ಮಾರಾಯ್ತಿ, ಕೈ ನೋಡ್ಲಿಲ್ಲ. ಬೇಡ ಅಂತ ಹೇಳ್ತಾ ಇದ್ರೂ ಪಟ್ಟಿ ಬಿಟ್ಟಿರಲಿಲ್ಲ ಅವ. ಅಂಥವರ ಹತ್ರ ಇನ್ನೊಂದು ಮಾತು ಆಡ್ಲಿಕ್ಕುಂಟು.”

ಆ ದಿನದಿಂದ ನಾನು ತಂದ ಚೀಲ ಮನೆಗೆ ಮರಳಿದ್ದು ಕಡಿಮೆ.

ಅಧ್ಯಕ್ಷರಾದವರಿಗೆ ಫೋರ್ಟಿನ ಆಫೀಸಿನಲ್ಲಿ ತರಬೇತಿಯ ಜಾಗ ಕೊಡುತ್ತೇವೆ, ಮುಂದೆ ಅದೇ ನೌಕರಿಯಾಗುತ್ತದೆ ಎಂದು ಕಂಪನಿ ಮಾತು ಕೊಟ್ಟಿತ್ತು. ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ ಅಪ್ಪ ಆ ಬೇಸಿಗೆಗೆ ನನ್ನ ಶಾಲೆ ಬಿಡಿಸಿ, ಬಿಜಾಪುರ ಕಡೆಯ ಸೋದರಮಾವನಿಗೆ ಕೊಡುವವನಿದ್ದ. “ಆ ಜಾಗಾ ಸಿಕ್ರ ಎಸ್ಸೆಸ್ಸಿ ಪರೀಕ್ಷಾ ಮುಗಸು. ಇಲ್ಲಂದ್ರ ಮಾವನ ಮನಿಗೆ ನಡಿ,” ಎಂದಿದ್ದ. ಇದು ಮಾಸ್ತರಿಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಕೊನೆಯ ಸಭೆಗೆ ಅಮೆರಿಕದ ಸಾಹೇಬನೊಬ್ಬ ಬರುವವನಿದ್ದ. ಅವನಿಗಿಂತ ಮೊದಲು ಬಂದ ಕಂಪನಿಯ ಮ್ಯಾನೇಜರ್, ನಮ್ಮ ದೇಶದವನೇ, ಅಧ್ಯಕ್ಷರ ಕುರ್ಚಿಯಲ್ಲಿದ್ದ ನನ್ನನ್ನು ನೋಡಿ ಮಾಸ್ತರನ್ನು ಮೂಲೆಗೆ ಕರೆದ. ಮಾಸ್ತರು ತಲೆ ತಗ್ಗಿಸಿಕೊಂಡು ನನ್ನ ಹತ್ತಿರ ಬಂದರು. “ಇವತ್ತೊಂದು ದಿನ ಅವನು ಕೂತ್ಕೊಳ್ಳಲಿ. ಅವನಿಗೆ ಇಂಗ್ಲಿಷ್ ಬರ್ತದೆ,” ಎಂದರು. ಅವನು ಎಂದರೆ ಶಾಲಾ ಸಮಿತಿಯವರೊಬ್ಬರ ಮಗ. ಒಂದೇ ಒಂದು ಚೀಲ ಮಾರಿದವನಲ್ಲ. ನಾನು ಮಾಡಿದ್ದನ್ನೆಲ್ಲ ಅವನು ಇಂಗ್ಲಿಷಿನಲ್ಲಿ ಓದಿದ. ಸಾಹೇಬ ಅವನ ಕೈ ಕುಲುಕಿ, ತರಬೇತಿಯ ಜಾಗ ಇವನಿಗೇ ಎಂದ.

ಒಂದು ಷೇರು ಇದ್ದವರೂ ಸಭೆಯಲ್ಲಿ ಪ್ರಶ್ನೆ ಕೇಳಬಹುದು ಎಂದು ಮಾಸ್ತರೇ ಕಲಿಸಿದ್ದರು. ನನ್ನ ಹತ್ತಿರ ಒಂದು ಷೇರು ಇತ್ತು. ಎದ್ದು ನಿಂತೆ.

“ಪಟ್ಟಿ ಉದ್ದ ಮಾಡಿದಾಕಿ ನಾನು, ಸ್ಟೇಷನ್‌ದಾಗ ನಿಂತು ಮಾರಿದಾಕಿ ನಾನು. ಎಲ್ಲಾರೂ ಕೈ ಎತ್ತಿ ಆರಿಸಿದ್ದು ನನ್ನ. ಮತ್ತ ನನ್ನ ಯಾಕ ಎಬ್ಬಿಸಿದ್ರಿ? ಆ ಜಾಗಾ ನಂದು.”

ಸಾಹೇಬ ಅರ್ಥವಾಗದೆ ಮಾಸ್ತರ ಮುಖ ನೋಡಿದ. ಮಾಸ್ತರು ಟೇಬಲ್ಲಿಗೆ ಕೈ ಊರಿ ಇಂಗ್ಲಿಷಿನಲ್ಲಿ ಒಂದೇ ಒಂದು ಮಾತು ಹೇಳಿದರು. ಅದರಲ್ಲಿ ‘ಗ್ರೇಟ್‌ಫುಲ್’ ಎನ್ನುವುದು ಮಾತ್ರ ನನ್ನ ಕಿವಿಗೆ ಬಿತ್ತು. ಸಾಹೇಬ ನಗುತ್ತ ಚಪ್ಪಾಳೆ ತಟ್ಟಿದ. ಅವನು ತಟ್ಟಿದನೆಂದು ಎಲ್ಲರೂ ತಟ್ಟಿದರು. ಇಂಗ್ಲಿಷ್ ಬಲ್ಲ ಸಮಿತಿಯ ದೊಡ್ಡ ಮನುಷ್ಯರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ನನಗೆ ಗ್ರೇಟ್ ಗೊತ್ತಿತ್ತು, ಫುಲ್ಲೂ ಗೊತ್ತಿತ್ತು. ಈ ಹುಡುಗಿ ಪೂರ್ತಿ ಗ್ರೇಟ್ ಎಂದು ಮಾಸ್ತರು ನನ್ನ ಪರವಾಗಿ ಹೇಳಿದರು ಎಂದುಕೊಂಡೆ. ಜಾಗ ಹೋದರೂ ಮಾಸ್ತರು ನನ್ನನ್ನು ಬಿಟ್ಟುಕೊಡಲಿಲ್ಲ ಎಂದು ಅವ್ವನ ಮುಂದೆ ಜಂಬ ಕೊಚ್ಚಿಕೊಂಡೆ.

ಅಪ್ಪ ಶಾಲೆ ಬಿಡಿಸಲು ಬೇಸಿಗೆ ಇನ್ನೂ ಬರಬೇಕಿತ್ತು. ಮೂರು ತಿಂಗಳ ಮೇಲೆ ಶಾಲೆಯ ಇಂಗ್ಲಿಷ್ ಪಾಠದಲ್ಲಿ ಅದೇ ಶಬ್ದ ಬಂತು. ‘ಉಪಕಾರ ನೆನೆಯುವ, ಕೃತಜ್ಞ’ ಎಂದು ಟೀಚರು ಅರ್ಥ ಬರೆಸಿದರು. ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಜಾಗ ಕಿತ್ತುಕೊಂಡವರಿಗೆ ನಾನು ಉಪಕಾರ ಹೇಳಿದೆನಂತೆ!

ಮುಂದಿನ ರವಿವಾರ ಮಾಸ್ತರು ಹೊಸ ತಂಡಕ್ಕೆ ಪಾಠ ಮಾಡುತ್ತಿದ್ದರು. ನಾನು ನೇರವಾಗಿ ಒಳಗೆ ಹೋಗಿ ಎಲ್ಲರ ಎದುರಿಗೇ ಕೇಳಿದೆ. “ಸರ, ನಾ ಕೇಳಿದ್ದೇನು, ನೀವು ಹೇಳಿದ್ದೇನು? ನಾ ಆಡದ ಮಾತು ನನ್ನ ಬಾಯಾಗ ಯಾಕ ಇಟ್ರಿ?”

ಅವರು ಸುಳ್ಳು ಹೇಳಲಿಲ್ಲ. “ನಾನು ಅಲ್ಲಿ ಸಂಬಳಕ್ಕೆ ಇರುವವ. ಹೆದರಿದೆ,” ಎಂದರು. ಪುಸ್ತಕ ಮುಚ್ಚಿಟ್ಟು, “ನಾಳೆ ಹತ್ತು ಗಂಟೆಗೆ ಫೋರ್ಟಿಗೆ ಬಾ. ಸರಿಯಾಗಿ ಹೇಳುವ,” ಎಂದರು.

ಶಾಲೆ ತಪ್ಪಿಸಿ ಹೋದೆ. ಮ್ಯಾನೇಜರನ ಕೋಣೆಯಲ್ಲಿ ಅವನೆದುರು ನನ್ನನ್ನು ನಿಲ್ಲಿಸಿ, ಅವತ್ತಿನ ಮಾತನ್ನು ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಈ ಸಲ ಅವರು ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದರು, ಪಟ್ಟಿಯನ್ನೂ ಬಿಡಲಿಲ್ಲ, ಸ್ಟೇಷನ್ನನ್ನೂ ಬಿಡಲಿಲ್ಲ. ಮ್ಯಾನೇಜರ್ ಕಾಗದದಿಂದ ತಲೆ ಎತ್ತದೆ, ಹುಡುಗ ಆಗಲೇ ಕೆಲಸಕ್ಕೆ ಸೇರಿಯಾಯಿತು ಎಂದ. ಅಷ್ಟೇ. ಮರುವಾರದಿಂದ ರವಿವಾರದ ಪಾಠ ಅವರ ಕೈತಪ್ಪಿತು. ಅವರನ್ನು ಆಫೀಸಿನಿಂದ ಎತ್ತಿ ಗೋಡೌನಿಗೆ ಹಾಕಿದರೆಂದು ಸಮಿತಿಯವರೇ ಚಾಳಿಗೆ ಬಂದು ಅಪ್ಪನ ಮುಂದೆ ಹೇಳಿ, ಮಗಳನ್ನು ಹದ್ದುಬಸ್ತಿನಲ್ಲಿಡು ಎಂದು ಬೈದು ಹೋದರು.

ಅಪ್ಪ ಅವತ್ತು ಊಟ ಮಾಡುವಾಗ ಕೇಳಿದ. “ನಿನ್ನ ಸಂಬಂಧ ಅಂವ ನೌಕರಿ ಕಳಕೊಳ್ಳಾಕೂ ತಯಾರಾಗಿದ್ನೇನು?”

“ಹೂಂ.”

“ಹಂಗಾರ ಲಗ್ನ ಈಗ ಬ್ಯಾಡಂತ ಮಾವಗ ನಾ ಹೇಳ್ತೀನಿ. ನೀ ಎಸ್ಸೆಸ್ಸಿಗಿ ಕೂಡು.”

ಕೂತೆ, ಪಾಸಾದೆ. ಪರೇಲಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಹಿಡಿದೆ. ಮಾಸ್ತರಿಗೆ ತಿಳಿಸಲಿಲ್ಲ. ಜಾಗ ಇನ್ನೂ ಖಾಲಿ ಇದ್ದಾಗ ಹೆದರಿ, ಅದು ತುಂಬಿದ ಮೇಲೆ ಧೈರ್ಯ ತಂದುಕೊಂಡರಲ್ಲ ಎಂಬ ಸಿಟ್ಟು ನನ್ನನ್ನು ಬಿಟ್ಟಿರಲಿಲ್ಲ. ಒಮ್ಮೆ ದಾದರಿನ ಸೇತುವೆಯ ಮೇಲೆ ಅವರು ಎದುರಿಗೇ ಬಂದರು. ತಲೆ ತಗ್ಗಿಸಿಕೊಂಡು ಬರುತ್ತಿದ್ದರು, ನನ್ನನ್ನು ಕಂಡಿರಲಿಲ್ಲ. ನಾನು ಮುಖ ತಿರುಗಿಸಿಕೊಂಡು ಮೆಟ್ಟಿಲಿಳಿದು ಹೋದೆ.

ಎರಡು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಬೊರಿವಲಿಯ ಆ ಒಂದು ಕೋಣೆಯ ಮನೆಗೆ ಹೋದೆ. ಯಾರೆಂದು ಹೇಳಿದಾಗ ಅವರ ಹೆಂಡತಿ ನನ್ನ ಮುಖವನ್ನೇ ನೋಡಿದರು.

“ಚೀಲದ ಹುಡುಗಿ ನೀನೆಯಾ? ಊರಲ್ಲಿ ಮದುವೆ ಮಾಡಿ ಕೊಟ್ಟಿರ್ಬೇಕು ಅಂತ ಹೇಳ್ತಿದ್ರು ಅವರು. ‘ನನ್ನಿಂದ ಆ ಹುಡುಗಿಗೆ ಎಂತದೂ ಆಗ್ಲಿಲ್ಲ’ ಅಂತ, ಕಡೇವರೆಗೂ.”

ಸರ, ನಾ ಪಾಸಾದೆ ಎಂದು ದಾದರಿನಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಹೆದರಿ ಮೂರು ತಿಂಗಳು ಸುಮ್ಮನಿದ್ದರು, ಆಮೇಲೆ ಹೋಗಿ ಹೇಳಿದರು. ನಾನು ಹೇಳಲೇ ಇಲ್ಲ.