ಸುಣ್ಣದ ಬೊಟ್ಟಿಟ್ಟ ಸೌದೆ

ನಮ್ಮಜ್ಜಿ ಬದುಕಿರುವಾಗಲೇ ತನ್ನ ಚಿತೆಗೆ ಸೌದೆ ಕೂಡಿಟ್ಟಿದ್ದಳು. ಇದನ್ನು ಯಾರಿಗೆ ಹೇಳಿದರೂ ಮೊದಲು ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾರೆ, ಆಮೇಲೆ ನಗುತ್ತಾರೆ. ನಗುವವರನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ನಮ್ಮ ತಾತನನ್ನು ಸುಟ್ಟ ದಿನ ಅವರು ನಮ್ಮ ಮನೆಯಲ್ಲಿದ್ದಿದ್ದರೆ ನಗುತ್ತಿರಲಿಲ್ಲ.

ತಾತ ತೀರಿಕೊಂಡದ್ದು ಐವತ್ತರ ದಶಕದ ನಡುವೆ, ಭಾದ್ರಪದದ ಜಡಿಮಳೆಯಲ್ಲಿ. ನನಗಾಗ ಹತ್ತೋ ಹನ್ನೊಂದೋ. ಗುಬ್ಬಿಯ ಪಕ್ಕ, ಬಿದರೆಹಳ್ಳಿ ಕಾವಲ್ ಅಂಚಿಗೆ ನಮ್ಮ ತೋಟದ ಮನೆ. ಸುತ್ತಲಿನವರಲ್ಲಿ ಹೂಳುವವರೇ ಹೆಚ್ಚು, ನಮ್ಮ ಮನೆತನದಲ್ಲಿ ಸುಡುವುದು. ನಾಲ್ಕು ದಿನದಿಂದ ಸುರಿದು ಸೌದೆಯೆಲ್ಲ ನೆಂದು ತೊಪ್ಪೆಯಾಗಿತ್ತು. ಹೆಂಗಸರು ಸ್ಮಶಾನಕ್ಕೆ ಹೋಗುವ ಹಾಗಿಲ್ಲ. ನಾವು ಜಗಲಿಯಲ್ಲೇ ಕೂತಿದ್ದೆವು. ಬೆಳಗ್ಗೆ ಹೋದ ಗಂಡಸರು ಸಂಜೆ ಬಂದರು. ಅಪ್ಪ ಅಜ್ಜಿಯ ಮುಖ ನೋಡಲಿಲ್ಲ. ಚಿಕ್ಕಪ್ಪ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡ. ಅಜ್ಜಿ ಒಂದೇ ಮಾತು ಕೇಳಿದಳು, "ಪೂರ್ತಿ ಆಯ್ತೇನ್ರೋ?" ಮಾರನೇ ಬೆಳಗ್ಗೆ ಇಬ್ಬರೂ ಎರಡು ಡಬ್ಬ ಸೀಮೆಎಣ್ಣೆ ಹೊತ್ತುಕೊಂಡು ಮತ್ತೆ ಅಲ್ಲಿಗೇ ಹೋದರು. ಆಗ ನನಗೂ ಅರ್ಥವಾಯಿತು. ನನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸಿದ ತಾತ! ಎರಡು ದಿನ ನಾನು ಅನ್ನ ಮುಟ್ಟಲಿಲ್ಲ.

ತಿಥಿ ಮುಗಿದ ಮೇಲೆ ಅಜ್ಜಿ ಅಪ್ಪನನ್ನೂ ಚಿಕ್ಕಪ್ಪನನ್ನೂ ಕರೆದು ಕೂರಿಸಿದಳು.

"ಬಾವಿ ಹತ್ರದ ಮುದಿಮಾವು ಕಾಯಿ ಬಿಡೋದು ನಿಲ್ಲಿಸಿ ಮೂರು ವರ್ಸ ಆಯ್ತು. ಬೇಸಿಗೇಲಿ ಅದನ್ನ ಕಡೀರಿ. ಅದು ನಂದು. ನನ್ನ ಸುಡಾಕೆ."

ಅಪ್ಪ ಹೌಹಾರಿ ಎದ್ದು ನಿಂತ. "ಅವ್ವಾ! ಬಿಡ್ತು ಅನ್ನು! ಏನ್ ಮಾತು ಅಂತ ಆಡ್ತೀಯ?"

"ನಾನ್ಯಾಕ್ಲಾ ಬಿಡ್ತು ಅನ್ಲಿ? ನಿಮ್ಮಪ್ಪನ್ನ ಅರೆಬೇಯಿಸಿ ಬಂದ್ರಲ್ಲ, ನೀವನ್ನಿ. ನನ್ನ ಮಾತ್ರ ಹಂಗೆ ಮಾಡ್ಬೇಡಿ ಕಣ್ರಪ್ಪಾ. ಒಣಸೌದೇಲಿ ಒಂದೇ ಸಲಕ್ಕೆ ಉರ್ದೋಗ್ಬೇಕು."

ಅವಳ ಮಾತಿಗೆ ಎದುರಾಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮರಕ್ಕೆ ಕೊಡಲಿ ಬಿತ್ತು. ನಮ್ಮ ಮನೆಯಲ್ಲಿ ಸೌದೆ ಕಡಿಯುವುದೆಂದರೆ ಮನೆಮಂದಿಯೆಲ್ಲ ಮಾಡುವ ಕೆಲಸ. ಹಿಂದಿನ ದಿನವೇ ಬುಡಕ್ಕೆ ಅರಿಶಿನ ಕುಂಕುಮ ಇಟ್ಟು, ಕೊಡಲಿ ಒರಗಿಸಿ, "ಇಲ್ಲಿ ಗೂಡು ಕಟ್ಟಿರೋ ಹಕ್ಕಿಪಕ್ಕಿಗಳೆಲ್ಲ ಬ್ಯಾರೆ ಮರ ನೋಡ್ಕಳಿ" ಎಂದು ಹೇಳಿ ಬರಬೇಕು. ಅದನ್ನು ಅಜ್ಜಿಯೇ ಹೇಳಿದಳು. ಅಪ್ಪ, ಚಿಕ್ಕಪ್ಪ ಬುಡ ಕಡಿದು, ಹಗ್ಗ ಕಟ್ಟಿ ಬಾವಿಯ ಕಡೆ ಬೀಳದ ಹಾಗೆ ಎಳೆದು ಕೆಡವಿದರು. ಗರಗಸದ ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. "ತಳ್ಬ್ಯಾಡ ಕಣೇ, ಬರೀ ಎಳಿ! ತಳ್ಳೋದು ನನ್ನ ಕೆಲ್ಸ ಅಲ್ಲ, ನಿನ್ನ ಕೆಲ್ಸಾನೂ ಅಲ್ಲ" ಎಂದು ಅಪ್ಪ ಬೈಯುತ್ತಿದ್ದ. ಅಂಗೈ ಬೊಬ್ಬೆ ಬಂದು ಒಡೆಯಿತು. ತುಂಡುಗಳಿಗೆ ಬೆಣೆ ಹೊಡೆದು ಸೀಳುವುದು ಚಿಕ್ಕಪ್ಪ. ಸೀಳಿದ್ದರ ತೊಗಟೆ ಕೀಳುವುದು ಅಮ್ಮ, ಅಜ್ಜಿ. ತೊಗಟೆ ಬಿಟ್ಟರೆ ಒಳಗೆ ಪಸೆ ನಿಂತು ಗೆದ್ದಲು ಹಿಡಿಯುತ್ತದೆ. ಅಮ್ಮ ಒಂದೊಂದು ಸೀಳು ಮುಟ್ಟುವಾಗಲೂ ಏನೋ ದೇವರ ಹೆಸರು ಗೊಣಗುತ್ತಿದ್ದಳು. ಅಜ್ಜಿ ಮಾತ್ರ ಸೀರೆ ಆರಿಸುವವಳ ಹಾಗೆ ಗಂಟಿಲ್ಲದ ಸೀಳುಗಳನ್ನು ಆರಿಸಿ, ತೋಟದ ಮೂಲೆಯಲ್ಲಿ ತೆಂಗಿನ ಗರಿ ಹೊದಿಸಿದ ಚಪ್ಪರದ ಕೆಳಗೆ ಅಡ್ಡಡ್ಡ ಉದ್ದುದ್ದ ಪೇರಿಸಿದಳು. ಮನೆ ಸೌದೆಯ ಜೊತೆ ಕಲಸಿಹೋಗಬಾರದೆಂದು ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಪ್ರತಿ ಸೀಳಿನ ತುದಿಗೂ ಒಂದೊಂದು ಬೊಟ್ಟು ಇಟ್ಟಳು.

ಅಲ್ಲಿಂದ ಮುಂದೆ ಪ್ರತಿ ಬೇಸಿಗೆಯಲ್ಲೂ ಅದನ್ನು ಬಿಸಿಲಿಗೆ ಹರಡಿ, ಮಗ್ಗುಲು ತಿರುಗಿಸಿ, ಅಳಿಸಿದ ಬೊಟ್ಟು ತಿದ್ದಿ ಮತ್ತೆ ಪೇರಿಸುವುದು ಅವಳ ಹಬ್ಬ. ಬಂದವರು "ಇದೇನಜ್ಜಿ?" ಎಂದರೆ "ನಾನು ಹೋಗೋ ಗಾಡಿ" ಅನ್ನುತ್ತಿದ್ದಳು. ಅವರು ಕಕ್ಕಾಬಿಕ್ಕಿಯಾಗಿ ಕಾಫಿಯನ್ನೂ ಕುಡಿಯದೆ ಎದ್ದುಹೋಗುತ್ತಿದ್ದರು. ಅಮ್ಮ ನನಗೆ ಆಣೆ ಹಾಕಿಸಿದ್ದಳು, ಒಲೆಗೆ ಆ ಕಡೆಯಿಂದ ಒಂದು ಪುಳ್ಳೆಯನ್ನೂ ತರಕೂಡದು ಎಂದು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಮದುವೆ ಗೊತ್ತಾಯಿತು. ತುಮಕೂರಿನ ಪಕ್ಕ ಶೆಟ್ಟಿಹಳ್ಳಿಯ ಬೇಸಾಯದ ಮನೆ. ವೈಶಾಖದಲ್ಲಿ ಮದುವೆ, ನಮ್ಮ ಮನೆಯ ಮುಂದೆಯೇ ಚಪ್ಪರ. ಒಂದು ತಿಂಗಳು ಮೊದಲೇ ಹೊಂಗೆ, ಜಾಲಿ ಕಡಿದು ಅಂಗಳದಲ್ಲಿ ಆಳೆತ್ತರ ಒಟ್ಟಿದ್ದೆವು. ಮದುವೆಯ ಮೊದಲ ಸೌದೆ ಸೀಳುವ ದಿನ ಕೊಡಲಿಗೆ ಪೂಜೆ ಮಾಡಿ, ಸೀಳಿಗೆ ಅರಿಶಿನದ ಜೊತೆ ಸುಣ್ಣದ ಬೊಟ್ಟು ಇಡುವ ಪದ್ಧತಿ ನಮ್ಮ ಕಡೆ ಇತ್ತು. ಅದೂ ಆಯಿತು. ಕೊನೆಗೆ ಆ ಪದ್ಧತಿಯೇ ನಮಗೆ ಮುಳುವಾಯಿತು.

ಮದುವೆಯ ಹಿಂದಿನ ಸಂಜೆ ಎಲ್ಲಿತ್ತೋ ಏನೋ, ಗಾಳಿಮಳೆ ಬಂದು ಒಂದು ಗಂಟೆ ಚಚ್ಚಿತು. ಅಂಗಳದ ಸೌದೆ ಪೂರಾ ನೆಂದಿತು. ಕುಣಿಗಲ್ ಕಡೆಯಿಂದ ಬಂದಿದ್ದ ಅಡಿಗೆಯವರು ಬೆಳಗಿನ ಜಾವ ಒಲೆ ಹಚ್ಚಿದರೆ ಬರೀ ಹೊಗೆ. ಅವರ ಹಿರಿಯ ಬುದ್ಧಿವಂತ ಮನುಷ್ಯ. ಮನೆಯವರನ್ನು ಎಬ್ಬಿಸಿ ಗೋಳಾಡಿಸುವುದು ಯಾಕೆಂದು ತಾನೇ ತೋಟ ಸುತ್ತಿದ್ದಾನೆ. ಮೂಲೆಯ ಚಪ್ಪರದಡಿ ಗಣಗಣ ಒಣಗಿದ ಮಾವಿನ ಸೌದೆ, ತುದಿಗೆ ಸುಣ್ಣದ ಬೊಟ್ಟು. ಆಹಾ, ಮದುವೆಗೆ ಅಂತಲೇ ತೆಗೆದಿಟ್ಟಿದ್ದಾರೆ ಎಂದುಕೊಂಡು ಹೊರಿಸಿಬಿಟ್ಟ.

ನಾನು ಎಣ್ಣೆನೀರು ಹಾಕಿಸಿಕೊಂಡು, ಮುಖದ ಅರಿಶಿನ ಇನ್ನೂ ಹಸಿಯಾಗಿರುವಾಗಲೇ ಹಿತ್ತಲಿಗೆ ಬಂದೆ. ಹೋಳಿಗೆಯ ಹೂರಣ ಬೇಯುವ ಘಮ. ನೆಲದಲ್ಲಿ ಉದ್ದಕ್ಕೆ ತೋಡಿದ ಕೋಡಿ ಒಲೆಯ ತುಂಬ ಉರಿ ಧಗಧಗ. ಉರಿಯಿಂದ ಆಚೆ ಚಾಚಿಕೊಂಡಿದ್ದ ಸೀಳುಗಳ ತುದಿ ನೋಡಿದೆ. ಬೆಳ್ಳನೆ ಬೊಟ್ಟು. ಒಂದಲ್ಲ, ಎರಡಲ್ಲ, ಸಾಲಾಗಿ.

ನನ್ನ ಮದುವೆಯ ಅನ್ನ ಅಜ್ಜಿಯ ಚಿತೆಯ ಮೇಲೆ ಬೇಯುತ್ತಿದೆ! ಗಂಡಿನ ಕಡೆಯವರ ಕಿವಿಗೆ ಬಿದ್ದರೆ ಮುಗಿಯಿತು, ಚಪ್ಪರದಿಂದ ಹಾಗೆಯೇ ಎದ್ದು ಹೋಗುತ್ತಾರೆ. ಮದುವೆ ಮುರಿದ ಹೆಣ್ಣೆಂದು ನಾನು ಜನ್ಮಪೂರ್ತಿ ಮೂಲೆ ಹಿಡಿಯಬೇಕು. ಓಡಿಹೋಗಿ ಅಪ್ಪನ ಪಂಚೆ ಹಿಡಿದೆಳೆದು ತಂದು ತೋರಿಸಿದೆ. ಹಿಂದೆಯೇ ಬಂದ ಅಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

ಅಜ್ಜಿ ಅಲ್ಲೇ ಇದ್ದಳು. ಬರಿದಾದ ಸೌದೆ ಚಪ್ಪರದ ಕೆಳಗೆ, ಒಂದು ಕಲ್ಲಿನ ಮೇಲೆ, ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ಎಲ್ಲಾ ಚೆಲ್ಲಿಸ್ಬುಡ್ತೀನಿ ಅವ್ವಾ" ಎಂದ ಅಪ್ಪ. "ಬ್ಯಾರೆ ಅಡಿಗೆ ಮಾಡಿಸ್ತೀನಿ."

"ಯಾವುದ್ರಲ್ಲಿ ಮಾಡಿಸ್ತೀಯ? ನಿನ್ನ ತಲೇಲಿ? ಒಣಸೌದೆ ಎಲ್ಲೈತೆ? ಅನ್ನ ಚೆಲ್ತಾನಂತೆ ಅನ್ನಾವ!" ಅಜ್ಜಿ ಉಗಿದು ಎದ್ದಳು. "ನೋಡ್ಲಾ, ಅದು ನಾನು ಸತ್ಮೇಲೆ ಹಾಕೋ ಸೌದೆ. ನಾನಿನ್ನೂ ಸತ್ತಿಲ್ಲ. ಅಲ್ಲೀಗಂಟ ಅದು ಬರೀ ಮಾವಿನ ಸೌದೆ. ಯಾರೂ ಬಾಯಿ ಬಿಡಂಗಿಲ್ಲ. ಹೋಗೇ, ಮುಖ ತೊಳ್ಕೊಂಡು ಸೀರೆ ಉಟ್ಕೋ."

"ಮತ್ತೆ ನಿನಗೆ?" ಎಂದೆ. ನನಗೆ ಅಳು ಬಂದುಬಿಟ್ಟಿತು. ಏಳೆಂಟು ವರ್ಷ ಅವಳು ತಿರುಗಿಸಿ ಮಗುಚಿ ಒಣಗಿಸಿದ್ದು ಒಂದು ಬೆಳಗಿಗೆ ಬೂದಿ. ಅಜ್ಜಿ ನನ್ನ ಗಲ್ಲ ತಿವಿದಳು. "ನಂಗೇನು ಅವಸರ ಇಲ್ಲ ಕಣೇ."

ಮದುವೆ ಆಯಿತು. ಊಟ ಭರ್ಜರಿಯಾಯಿತೆಂದು ಎಲ್ಲರೂ ಹೊಗಳಿದರು. ನನಗೆ ಮಾತ್ರ ಒಂದು ತುತ್ತೂ ಇಳಿಯಲಿಲ್ಲ. ಪಂಕ್ತಿಯಲ್ಲಿ ಅತ್ತೆ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡು ತಿನ್ನುವುದನ್ನು ನೋಡಿ ಮುಖ ತಿರುಗಿಸಿಕೊಂಡೆ. ಪಾಪ, ಗೊತ್ತಿಲ್ಲದೆ ತಿನ್ನುತ್ತಿದ್ದಾರಲ್ಲ ಎಂದು.

ಶೆಟ್ಟಿಹಳ್ಳಿಗೆ ಹೋದ ಮೇಲೂ ಆ ಬೊಟ್ಟುಗಳು ಕಣ್ಣ ಮುಂದಿಂದ ಹೋಗಲಿಲ್ಲ. ಅತ್ತೆ ಮಾತು ಕಡಿಮೆಯ ಹೆಂಗಸು. ಒಲೆ ಮುಂದೆ ನಾನು ಕೂತಾಗ ಸುಮ್ಮನೆ ನನ್ನ ಕಡೆ ನೋಡಿದರೂ ಸಾಕು, ಗೊತ್ತಾಗಿಬಿಟ್ಟಿತೇನೋ ಎಂದು ಬೆವರುತ್ತಿದ್ದೆ. ಮನೆಯಲ್ಲಿ ಕರುವಿಗೆ ಜ್ವರ ಬಂದರೆ, ಹಾಲು ಒಡೆದರೆ, ಎಲ್ಲ ಆ ಸೌದೆಯಿಂದಲೇ ಅನ್ನಿಸುತ್ತಿತ್ತು. ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿವರೆಗೂ ಬಂದಿತ್ತು. ಹೇಳುವ ಎದೆಗಾರಿಕೆ ಬರಲಿಲ್ಲ.

ಆಷಾಢಕ್ಕೆ ತವರಿಗೆ ಬಂದಾಗ ಅಜ್ಜಿ ಇನ್ನೊಂದು ಮಾವು ಕಡಿಸುತ್ತಿದ್ದಳು. ಮತ್ತೆ ನಾನೇ ಗರಗಸದ ತುದಿ ಹಿಡಿದೆ. ಕುಯ್ದ ಜಾಗದಲ್ಲಿ ನೀರು ಜಿನುಗುವಷ್ಟು ಹಸಿ. ಅಜ್ಜಿ ಅದರ ಮೇಲೆ ಕೈಯಾಡಿಸಿ, "ಎರಡು ಬೇಸಿಗೆ ಬೇಕು ಇದು ಒಣಗಾಕೆ" ಎಂದಳು. ಮೊದಲ ಸಲ ಅವಳ ಮುಖದಲ್ಲಿ ಭಯ ಕಂಡೆ. ಅದನ್ನು ನೋಡಿ ನನಗೆ ಅಡುಗೆಯವನ ಮೇಲೆ, ಮಳೆಯ ಮೇಲೆ, ನನ್ನ ಮದುವೆಯ ಮೇಲೆಯೇ ಕೆಟ್ಟ ಕೋಪ ಬಂತು.

ಒಂದೇ ಒಂದು ಬೇಸಿಗೆಯೂ ಸಿಗಲಿಲ್ಲ ಅವಳಿಗೆ. ಅದೇ ವರ್ಷ ಭಾದ್ರಪದದಲ್ಲಿ, ತಾತ ಹೋದಂಥದ್ದೇ ಮಳೆಯಲ್ಲಿ, ನಾನು ವಾಪಸಾಗಿದ್ದ ಶೆಟ್ಟಿಹಳ್ಳಿಗೆ ಗುಬ್ಬಿಯಿಂದ ಬಂದ ಮೊದಲ ಬಸ್ಸಿನಿಂದ ಚಿಕ್ಕಪ್ಪ ಇಳಿದ. ಮೈಯೆಲ್ಲ ಒದ್ದೆ. ಬಾಗಿಲಲ್ಲೇ ನಿಂತು, "ಅಜ್ಜಿ ಹೋಗ್ಬುಟ್ಲು ಕಣವ್ವಾ" ಎಂದ. ಆಮೇಲೆ ನನಗೊಬ್ಬಳಿಗೆ ಕೇಳುವಂತೆ, "ಸೌದೆ ಎಲ್ಲಾ ಹಸಿ" ಎಂದ.

ಅವಳು ಹೆದರಿದ್ದು ಅದೊಂದಕ್ಕೇ. ನನ್ನಿಂದಾಗಿ ಅದೇ ಆಗುವುದರಲ್ಲಿತ್ತು. ಸಂಜೆ ಅಪ್ಪ ಮತ್ತೆ ಮುಖ ತಪ್ಪಿಸಿಕೊಂಡು ಬರುತ್ತಾನೆ, ಬೆಳಗ್ಗೆ ಮತ್ತೆ ಸೀಮೆಎಣ್ಣೆ ಡಬ್ಬ. ಇನ್ನು ತಡೆಯಲಾಗಲಿಲ್ಲ. ಅತ್ತೆಯ ಕಾಲಿಗೆ ಬಿದ್ದು, ಮದುವೆಯ ದಿನದ್ದನ್ನೆಲ್ಲ ಬಾಯಿಗೆ ಬಂದ ಹಾಗೆ ಹೇಳಿಬಿಟ್ಟೆ. ಬೈಯಲಿ, ಹೊಡೆಯಲಿ, ಮನೆಯಿಂದ ಆಚೆ ಹಾಕಲಿ, ಚಿತೆಗಾಗುವಷ್ಟು ಒಣಸೌದೆ ಕೊಟ್ಟರೆ ಸಾಕು ಎಂದು ಗೋಳಿಟ್ಟೆ.

ಅತ್ತೆ ಕಾಲು ಹಿಂದಕ್ಕೆಳೆದುಕೊಂಡರು.

"ಅಷ್ಟೇನಾ? ನಂಗೆ ಗೊತ್ತಿತ್ತು ಕಣಮ್ಮ."

ನಾನು ತಲೆ ಎತ್ತಿದೆ.

"ಧಾರೆಗೆ ಮುಂಚೇನೇ ನಿಮ್ಮಜ್ಜಿ ನನ್ನ ಹತ್ರ ಬಂದ್ರು. ಒಲೇಲಿ ಉರೀತಿರೋದು ನನ್ನ ಸುಡೋ ಸೌದೆ, ಒಲ್ಲೆ ಅನ್ನಂಗಿದ್ರೆ ಈಗ್ಲೇ ಎದ್ದೋಗಿ ಬೀಗಿತ್ತೀ, ತಿಂದ್ಮೇಲೆ ನನ್ನ ಮೊಮ್ಮಗಳಿಗೆ ಅನ್ಬ್ಯಾಡಿ ಅಂದ್ರು. ನಂಗೆ ಜೀವಾನೇ ಹಾರೋದಂಗಾಯ್ತು. ಇಷ್ಟು ನೇರ ಆಡೋರ ಮನೆ ಹೆಣ್ಣು ಬ್ಯಾಡ ಅಂದ್ರೆ ಇನ್ನೆಂಥಾ ಹೆಣ್ಣು ತರ್ಲಿ? ಕೂತ್ಕೊಂಡು ಉಂಡೆ."

ನಮಗೆಲ್ಲ ಬಾಯಿ ಮುಚ್ಚಿ ಎಂದು ಗದರಿದ್ದ ಮುದುಕಿ! ನನ್ನ ಮದುವೆಯನ್ನೇ ಅಂಗೈಯಲ್ಲಿಟ್ಟುಕೊಂಡು ಹೋಗಿ ಬೀಗಿತ್ತಿಯ ಮುಂದೆ ನಿಂತಿದ್ದಳು.

ಅಷ್ಟರಲ್ಲಿ ಅತ್ತೆ ನನ್ನ ಗಂಡನನ್ನು ಪಕ್ಕದ ಬೀದಿಯ ಲಾರಿಯವರ ಮನೆಗೆ ಓಡಿಸಿ, ಕೊಟ್ಟಿಗೆಗೆ ನಡೆದಿದ್ದರು. ನಾನೂ ಚಿಕ್ಕಪ್ಪನೂ ಹಿಂದೆ ಹೋದೆವು. ಕೊಟ್ಟಿಗೆಯ ಅಟ್ಟ ಅವರದೇ ರಾಜ್ಯ. ನಾನು ಯಾವತ್ತೂ ಹತ್ತಿರಲಿಲ್ಲ. ಏಣಿ ಹತ್ತಿ ಅವರು ಗೋಣಿತಾಟು ಸರಿಸಿದರು. ಮಾವಿನ ಸೌದೆ. ತೊಗಟೆ ಕಿತ್ತು, ಗಂಟಿಲ್ಲದ್ದನ್ನು ಆರಿಸಿ, ಅಡ್ಡಡ್ಡ ಉದ್ದುದ್ದ ಪೇರಿಸಿದ್ದು. ಪ್ರತಿ ಸೀಳಿನ ತುದಿಗೂ ಸುಣ್ಣದ ಬೊಟ್ಟು.

"ಹೆಂಗೆ ಇಡ್ಬೇಕು ಅಂತ ಅವತ್ತು ಮಾತಿನ ಮಧ್ಯೆ ಅವರೇ ಹೇಳಿದ್ರು. ನಮ್ಮ ಮನೇಲಿ ಒಣಗಿದ್ದು ಇತ್ತು, ಮದುವೆ ಮುಗಿಸ್ಕೊಂಡು ಬಂದ ವಾರವೇ ಅವರಿಗೆ ಅಂತ ಎತ್ತಿಟ್ಟೆ, ಯಾರಿಗೂ ಹೇಳ್ಲಿಲ್ಲ" ಎಂದರು ಅತ್ತೆ. ಮೊದಲ ಸೀಳನ್ನು ಕೆಳಗೆ ಚಾಚಿದರು. "ಏನ್ ಹಂಗೆ ಕಣ್ಕಣ್ ಬಿಡ್ತೀಯ? ಹಿಡ್ಕೋ, ಲಾರಿ ಬಂತು."