ಹದಿನೇಳು ಮುಖ, ಹದಿನಾರು ಸಹಿ

"ಇದಕ್ಕೆ ಸೈನ್ ಹಾಕಿದ್ರೆ ನನ್ನ ಹೆಂಡತಿ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ ಅಕ್ಕ" ಎಂದು ಗೋಪಾಲ ಒದ್ದೆ ಬಟ್ಟೆ ಹಿಡಿದುಕೊಂಡೇ ಕೈಮುಗಿದ.

ಘಾಟ್ಕೋಪರ್‌ನ ಒಂದು ಹೋಟೆಲಿನ ಹಿಂಬಾಗಿಲು. ಮಧ್ಯಾಹ್ನದ ಊಟದ ಗದ್ದಲ ಆಗಷ್ಟೇ ಮುಗಿದಿತ್ತು. ನನ್ನ ಒಂದು ಕೈಯಲ್ಲಿ ಇಂಗ್ಲಿಷ್ ಫಾರ್ಮ್, ಇನ್ನೊಂದರಲ್ಲಿ ಪೆನ್ನು. ನಾನೇನು ಅವನ ಆಸ್ತಿ ಬರೆಸಿಕೊಳ್ಳಲು ಹೋಗಿರಲಿಲ್ಲ. ಅವನ ಫೋಟೋವನ್ನು ಒಂದು ಗ್ಯಾಲರಿಯಲ್ಲಿ ತೂಗುಹಾಕಬೇಕಿತ್ತು. ಅದಕ್ಕೆ ಅವನ ಒಪ್ಪಿಗೆ ಬೇಕಿತ್ತು. ಅಷ್ಟೇ.

ಆದರೆ ಫೋಟೋ ನೋಡಿದರೆ ಅವನ ಸಂಕಟ ಅರ್ಥವಾಗುತ್ತದೆ. ಗೋಪಾಲ ಮದುಮಗನ ಸಿಂಹಾಸನದ ಮೇಲೆ ಕೂತಿದ್ದಾನೆ. ಮದುಮಗಳ ಸಿಂಹಾಸನದಲ್ಲಿ ಹೂವಿನ ಅಲಂಕಾರ ಮಾಡುವ ಸುನೀತಾ. ಹಿಂದೆ ಥರ್ಮಾಕೋಲಿನ ನವಿಲು. ಇಬ್ಬರ ಮುಖದಲ್ಲೂ ನಾಚಿಕೆ. ಯಾರು ನೋಡಿದರೂ ಎರಡು ಕಾಳು ಅಕ್ಷತೆ ಹಾಕೋಣ ಅನ್ನಿಸಬೇಕು.

"ತಮ್ಮಾ, ಇದು ಕಲಾ ಅದ" ಎಂದು ನಾನು ಶುರು ಮಾಡಿದೆ. (ನಮ್ಮ ಧಾರವಾಡ ಕಡೆಯವರಿಗೆ ಉಪದೇಶ ಮಾಡಲು ಜಾಗ, ಹೊತ್ತು ಏನೂ ಬೇಕಾಗಿಲ್ಲ.) "ಕಲಾದಾಗ ನಾಚಿಕಿ ಇಟ್ಕೊಂಡ್ರ ಹೆಂಗ? ಮುಖ ಹೆಂಗ ಅದನೋ ಹಂಗ ಕಾಣಬೇಕು. ಅದಕ್ಕ ಕಲಾ ಅಂತಾರ."

"ಕಲೆ ನಿಮಗೆ ಅಕ್ಕ. ನನಗೆ ರಾತ್ರಿ ಮನೆಗೆ ಹೋಗ್ಲಿಕ್ಕೆ ಉಂಟು" ಎಂದ ಗೋಪಾಲ.

ಈಗ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ಈ ಹೆಂಗಸು ಹೋಟೆಲಿನ ಹಿಂಬಾಗಿಲಲ್ಲಿ ಕಂಡವರ ಸಂಸಾರ ಯಾಕೆ ಒಡೆಯುತ್ತಿದ್ದಾಳೆ ಎಂದು ನೀವು ಅಂದುಕೊಳ್ಳುತ್ತೀರಿ.

ಎಲ್ಲಕ್ಕೂ ಕಾರಣ ಸುಧಾಕರ. ಊರು ಉಡುಪಿ ಕಡೆ, ಸ್ಟುಡಿಯೋ ಘಾಟ್ಕೋಪರ್ ಸ್ಟೇಷನ್ ಹತ್ತಿರ, ಕಸುಬು ಮದುವೆ ಫೋಟೋ. ಇಪ್ಪತ್ತಾರು ವರ್ಷದಿಂದ ಮುಂಬಯಿಯ ಕನ್ನಡಿಗರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಸ್ವಲ್ಪ ಗಲ್ಲ ಕೆಳಗೆ, ಇಲ್ಲಿ ನೋಡಿ" ಎನ್ನುತ್ತಾ ಬಂದವನು. ಸಯನ್‌ನ ನಮ್ಮ ಮನೆಯ ನಾಮಕರಣ, ಮುಂಜಿ, ಮದುವೆ ಎಲ್ಲವೂ ಅವನ ಕ್ಯಾಮೆರಾದಲ್ಲೇ ಆದದ್ದು.

ಈಚೆಗೆ ಸುಧಾಕರನ ಗಲ್ಲವೇ ಕೆಳಗಾಗಿದೆ. ಈಗಿನ ಮದುವೆಗಳಿಗೆ ಕ್ಯಾಂಡಿಡ್ ಫೋಟೋದ ಹುಡುಗರು ಬರುತ್ತಾರೆ. ಡ್ರೋನ್ ತರುತ್ತಾರೆ, ನೆಲದ ಮೇಲೆ ಮಲಗುತ್ತಾರೆ, ಮದುಮಗಳನ್ನು ಕಿಟಕಿ ಪಕ್ಕ ನಿಲ್ಲಿಸಿ ಅಳಿಸುತ್ತಾರೆ. ಸುಧಾಕರ ಅವರಿಗೆ ಎರಡನೇ ಕ್ಯಾಮೆರಾ. "ಅಂಕಲ್, ಫ್ರೇಮಲ್ಲಿ ಬರ್ತಿದ್ದೀರಿ, ಸ್ವಲ್ಪ ಸೈಡ್" ಎಂದು ಅವನನ್ನೇ ಸರಿಸುತ್ತಾರೆ.

"ನಾನು ತೆಗೆದ ಫೋಟೋ ಎಲ್ಲ ಆಲ್ಬಮ್ಮಿನ ಒಳಗೆ, ಆಲ್ಬಮ್ ಕಪಾಟಿನ ಒಳಗೆ" ಎಂದು ಅವನೊಮ್ಮೆ ನನ್ನೆದುರು ಹೇಳಿದ್ದ. "ಸಾಯುವುದರೊಳಗೆ ನನ್ನದೊಂದು ಫೋಟೋ ಗೋಡೆ ಮೇಲೆ ಬರಬೇಕು ಅಕ್ಕ. ಕೆಳಗೆ ನನ್ನ ಹೆಸರು. ಗುರುತಿಲ್ಲದ ಜನ ಬಂದು ನೋಡಬೇಕು. ಒಂದು ಸಲ ಸಾಕು."

ಅವನ ಮಗಳು ಶ್ರೇಯಾಗೆ ಇದು ಗೊತ್ತಿತ್ತು. ಹುಡುಗಿ ಒಂದು ದಿನ ಮೊಬೈಲಿನಲ್ಲಿ ಒಂದು ಅರ್ಜಿ ಹಿಡಿದುಕೊಂಡು ಬಂದಳು. ಯಾವುದೋ ಕಲಾ ಟ್ರಸ್ಟಿನವರ ಫೋಟೋಗ್ರಫಿ ಗ್ರ್ಯಾಂಟ್. ಆಯ್ಕೆಯಾದರೆ ಒಂದಿಷ್ಟು ಧನಸಹಾಯ, ಜೊತೆಗೆ ಫೋರ್ಟ್‌ನ ಗ್ಯಾಲರಿಯೊಂದರಲ್ಲಿ ಪ್ರದರ್ಶನ. ಧನ ಎಷ್ಟು ಎಂದು ಸುಧಾಕರ ಕೇಳಲೇ ಇಲ್ಲ. "ಗೋಡೆ ಎಷ್ಟು ದೊಡ್ಡದುಂಟು?" ಎಂದು ಕೇಳಿದ.

ಅರ್ಜಿಯಲ್ಲಿ ಎರಡು ವರ್ಗ. ವೃತ್ತಿಪರರು, ಉದಯೋನ್ಮುಖರು. ಇಪ್ಪತ್ತಾರು ವರ್ಷ ಇದರಲ್ಲೇ ಅನ್ನ ತಿಂದ ಸುಧಾಕರ ಧೈರ್ಯವಾಗಿ ವೃತ್ತಿಪರ ಎಂದ. ಶ್ರೇಯಾ ಕೆಳಗಿನ ಸಣ್ಣ ಅಕ್ಷರ ಓದಿದಳು. ಮೂರು ಪ್ರದರ್ಶನ ಮಾಡಿದವರು ಮಾತ್ರ ವೃತ್ತಿಪರರಂತೆ. ಹೀಗಾಗಿ ಐವತ್ತೆರಡು ವರ್ಷದ, ಮಂಡಿನೋವಿನ ಸುಧಾಕರ ಉದಯೋನ್ಮುಖನಾದ. ನೆಲದ ಮೇಲೆ ಮಲಗುವ ಹುಡುಗರ ಸಾಲಿನಲ್ಲಿ ಕೂತ.

ಯಾವ ಫೋಟೋ ಕಳಿಸುವುದು? ಅವನು ತನ್ನ ಅತ್ಯುತ್ತಮ ಮಾಂಗಲ್ಯಧಾರಣೆಗಳನ್ನು ಆರಿಸಿಟ್ಟಿದ್ದ. ಮಗಳು ಒಂದೇ ಏಟಿಗೆ ತಳ್ಳಿಹಾಕಿದಳು. "ಪಪ್ಪಾ, ಯೆ ತೊ ಸಬ್ ಕೆ ಪಾಸ್ ಹೈ, ಎಲ್ಲರ ಹತ್ರ ಇದೆ ಇದು. ನಿಮ್ಮದು ಆ ಲೈಟ್‌ವಾಲಾ ಫೋಲ್ಡರ್ ಇದೆ ನಾ, ಅದು ಕಳಿಸಿ."

ಲೈಟ್‌ವಾಲಾ ಫೋಲ್ಡರ್ ಎಂದರೆ ಇದು. ಮದುಮಕ್ಕಳು ವೇದಿಕೆಗೆ ಬರುವ ಮೊದಲು ಬೆಳಕು ಸರಿಯಿದೆಯೇ ಎಂದು ನೋಡಬೇಕು. ಖಾಲಿ ಕುರ್ಚಿಯ ಮೇಲೆ ನೋಡಿದರೆ ಸುಧಾಕರನಿಗೆ ಸಮಾಧಾನವಿಲ್ಲ. ಮುಖ ಬೇಕು. ಅದಕ್ಕೆ ಕೈಗೆ ಸಿಕ್ಕವರನ್ನು ಕರೆದು, "ಎರಡು ನಿಮಿಷ ಕೂತ್ಕೊಳ್ಳಿ" ಎಂದು ಕೂರಿಸುತ್ತಾನೆ. ಬಡಿಸುವವರು, ಎಲೆಕ್ಟ್ರಿಷಿಯನ್, ಹೂವಿನವರು, ಮೆಹಂದಿಯವರು, ಪಾತ್ರೆ ತೊಳೆಯುವವರು. ಎಲ್ಲರೂ ಎರಡು ನಿಮಿಷ ಮದುಮಕ್ಕಳು. ಆಮೇಲೆ ಎದ್ದು ಬಟ್ಟೆ ಕೊಡವಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಇಂಥ ಫೋಟೋ ಸಾವಿರಗಟ್ಟಲೆ ಇದ್ದವು.

"ಅದು ಯಾರಿಗೂ ಕೊಡುವ ಫೋಟೋ ಅಲ್ಲ ಮಾರಾಯ್ತಿ" ಎಂದು ಸುಧಾಕರ ಗೊಣಗಿದ. ಮಗಳು ಕೇಳಲಿಲ್ಲ. ಹನ್ನೆರಡು ಆರಿಸಿದಳು.

ಅರ್ಜಿಯ ಜೊತೆ ಕಲಾವಿದನ ಹೇಳಿಕೆ ಬೇಕಿತ್ತು, ಇಂಗ್ಲಿಷಿನಲ್ಲಿ. ಪೇಪರಿನಲ್ಲಿ ವಾರವಾರ ಅಂಕಣ ಬರೆಯುವವಳು ಎಂದು ಅದು ನನ್ನ ಪಾಲಿಗೆ ಬಂತು. ಸುಧಾಕರ ಮೊಬೈಲಿನಲ್ಲಿ ಮೂರು ಫೋಟೋ ತೋರಿಸಿದ. ನಾನು ಶ್ರಮ, ಸಿಂಹಾಸನ, ಅಂಚಿನವರ ಘನತೆ ಎಂದೆಲ್ಲ ಮುನ್ನೂರು ಪದ ಜಡಿದೆ. (ಮಿಕ್ಕ ಒಂಬತ್ತು ನೋಡದೆ ಬರೆದಿರಾ ಎಂದು ಕೇಳಬೇಡಿ. ಮುನ್ನುಡಿ ಬರೆಯುವವರನ್ನು ಯಾರಾದರೂ ಹಾಗೆ ಕೇಳುತ್ತಾರಾ?) ಓದಿ ಹೇಳಿದಾಗ ಸುಧಾಕರ ತಲೆ ಕೆರೆದುಕೊಂಡ. "ನಾನು ಲೈಟ್ ನೋಡಿದ್ದು ಅಕ್ಕ. ಇಷ್ಟೆಲ್ಲ ಎಂತ ಮಾಡಲಿಲ್ಲ."

ಆಯ್ಕೆಯಾಯಿತು. ಈಮೇಲ್ ಬಂತು. ಹನ್ನೆರಡೂ ಚಿತ್ರಗಳು ತೀರ್ಪುಗಾರರಿಗೆ ಇಷ್ಟವಾಗಿವೆ. ಏಳನೆಯದನ್ನಂತೂ ದೊಡ್ಡದು ಮಾಡಿ ಬಾಗಿಲ ಎದುರಿನ ಗೋಡೆಗೆ ಹಾಕುತ್ತಾರೆ. ಒಂದೇ ಷರತ್ತು. ಚಿತ್ರದಲ್ಲಿ ಗುರುತು ಸಿಗುವ ಪ್ರತಿಯೊಬ್ಬರ ಸಹಿ ಇರುವ ಒಪ್ಪಿಗೆ ಪತ್ರ ಶುಕ್ರವಾರ ಸಂಜೆ ಐದರೊಳಗೆ ಬರಬೇಕು. ಒಂದು ಸಹಿ ಕಡಿಮೆಯಾದರೂ ಇಡೀ ಪ್ರದರ್ಶನದ ಗೋಡೆ ಪಟ್ಟಿಯಲ್ಲಿರುವ ಮುಂದಿನವರಿಗೆ.

ಹದಿನೇಳು ಮುಖ. ಐದು ದಿನ. ಸುಧಾಕರನಿಗೆ ಕ್ಯಾಮೆರಾ ಇಲ್ಲದೆ ಜನರ ಹತ್ತಿರ ಮಾತು ಬರುವುದಿಲ್ಲ. ನನಗೆ ಮಾತು ನಿಲ್ಲಿಸಲು ಬರುವುದಿಲ್ಲ. ಹಾಗಾಗಿ ಇಬ್ಬರೂ ಹೊರಟೆವು.

ಸುನೀತಾ ಕಾಂದಿವಲಿಯ ಕಾಲೊನಿಯಲ್ಲಿ ಸಿಕ್ಕಳು. ಫೋಟೋ ನೋಡಿ, "ಈ ಸೀರೆ ನನ್ನ ತಂಗಿದು, ಅವಳ ಸಹಿ ಬೇಕಾ?" ಎಂದು ಮರಾಠಿಯಲ್ಲಿ ಕೇಳಿದಳು. ಎಲೆಕ್ಟ್ರಿಷಿಯನ್ ಏಣಿಯ ಮೇಲೆ ನಿಂತೇ ಸಹಿ ಹಾಕಿದ. ಪಾತ್ರೆ ತೊಳೆಯುವ ಅಜ್ಜಿ ಹೆಬ್ಬೆಟ್ಟು ಒತ್ತಿ, ಒಂದು ಕಾಪಿ ತನಗೂ ಬೇಕು ಎಂದಳು. ಕಡೆಗೆ ಉಳಿದವನು ಗೋಪಾಲ.

ಗೋಪಾಲನ ಕಷ್ಟ ಬೇರೆಯವರದ್ದಕ್ಕಿಂತ ದೊಡ್ಡದು. ಅವನು ಸುಧಾಕರ ಹೋಗುವ ಮದುವೆಗಳಿಗೆಲ್ಲ ಬಡಿಸಲು ಬರುವವನು. ಹಾಗಾಗಿ ನಾಲ್ಕು ಫೋಟೋದಲ್ಲಿದ್ದ. ನಾಲ್ಕರಲ್ಲೂ ಮದುಮಗ ಅವನೇ, ಮದುಮಗಳು ಮಾತ್ರ ಬೇರೆ ಬೇರೆ. ಸುಧಾಕರ ಮೊದಲ ಮೂರನ್ನು ತೋರಿಸಿ ನಾಲ್ಕನೆಯದನ್ನು ಬೇಗ ಸರಿಸಿಬಿಟ್ಟ. ಗೋಪಾಲ ನನ್ನ ಮುಖ ನೋಡಿ ಒಂಥರಾ ನಕ್ಕ. ನಾನು ಉಪದೇಶದ ಭರದಲ್ಲಿದ್ದೆ, ತಲೆ ಕೆಡಿಸಿಕೊಳ್ಳಲಿಲ್ಲ.

ಕೊನೆಗೆ ಹೆಂಡತಿಗೇ ವಿಡಿಯೋ ಕಾಲ್ ಮಾಡಿಸಿದೆ. ಭಾಂಡುಪ್‌ನ ಮನೆಯಿಂದ ಆಕೆ ಸುನೀತಾಳ ಜೊತೆಗಿನ ಫೋಟೋವನ್ನು ತುಂಬಾ ಹೊತ್ತು ನೋಡಿದಳು. "ಹೂವಿನವಳು ಚಂದ ಇದ್ದಾಳೆ. ಆದ್ರೆ ಇವರು ಎಂತಕ್ಕೆ ಇಷ್ಟು ನಗುವುದು? ನಮ್ಮ ಮದುವೆಯಲ್ಲಿ ಹಲ್ಲೇ ಕಾಣಿಸಲಿಲ್ಲ" ಎಂದಳು. ಆಕೆಗೂ ಕಲೆ ಎಂದರೇನು, ಸತ್ಯ ಎಂದರೇನು ಎಂದು ಹತ್ತು ನಿಮಿಷ ವಿವರಿಸಿದೆ. ಆಕೆ ಸುಸ್ತಾಗಿ, "ಹಾಕಲಿ ಅಕ್ಕ, ಹಾಕಲಿ" ಎಂದಳು. ಗೋಪಾಲ ನಾಲ್ಕಕ್ಕೂ ಸೇರಿಸಿ ಒಂದು ಸಹಿ ಹಾಕಿದ.

ಗುರುವಾರ ಸಂಜೆ ಸ್ಟುಡಿಯೋದಲ್ಲಿ ಕೂತು ಎಣಿಸಿದೆ. ಹದಿನಾರು.

"ಇನ್ನೊಂದು ಯಾರದೋ?" ಎಂದು ಕೇಳಿದೆ. ಸುಧಾಕರ ಫ್ಯಾನ್ ನೋಡಿದ. ಶ್ರೇಯಾ ಮೊಬೈಲ್ ನೋಡಿದಳು. ಆಮೇಲೆ ಅವನು ಏಳನೇ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದ.

ಗೋಪಾಲ ನೀರಿನ ಜಗ್ ಹಿಡಿದು ಸಿಂಹಾಸನದ ತುದಿಯಲ್ಲಿ ಕೂತಿದ್ದಾನೆ, ಗಾಬರಿಯಿಂದ ಪಕ್ಕಕ್ಕೆ ನೋಡುತ್ತಿದ್ದಾನೆ. ಮದುಮಗಳ ಸಿಂಹಾಸನದಲ್ಲಿ ಒಬ್ಬ ದಪ್ಪನೆಯ ಹೆಂಗಸು. ಚಪ್ಪಲಿ ಬಿಟ್ಟು ಒಂದು ಕಾಲು ಮಡಚಿ ಮೇಲಿಟ್ಟಿದ್ದಾಳೆ. ಮಡಿಲಲ್ಲಿ ರವೆ ಶಿರಾದ ಪ್ಲೇಟ್. ಕಣ್ಣು ಮುಚ್ಚಿದೆ. ಬಾಯಿ, ದೇವರೇ, ಹೆಬ್ಬಾಗಿಲಿನಷ್ಟು ತೆರೆದು ಆಕಳಿಸುತ್ತಿದೆ. ಒಳಗೆ ಶಿರಾ ಕಾಣುತ್ತದೆ.

ಆ ಹೆಂಗಸು ನಾನು.

ನೆನಪಾಯಿತು. ಮಾಟುಂಗಾದಲ್ಲಿ ನಮ್ಮ ನೆಂಟರ ಮದುವೆ. ಬೆಳಗಿನ ಆರಕ್ಕೇ ಹೋಗಿದ್ದೆ. "ಅಕ್ಕ, ಎರಡು ನಿಮಿಷ ಕೂತ್ಕೊಳ್ಳಿ" ಎಂದಿದ್ದ ಈ ಮಹಾರಾಯ. ಕೂತಿದ್ದೆ. ತಿಂದದ್ದೂ ಆಕಳಿಸಿದ್ದೂ ನೆನಪಿರಲಿಲ್ಲ.

"ಸಾಧ್ಯನ ಇಲ್ಲ" ಎಂದೆ. "ನಾನು ನಾಲ್ಕು ಮಂದಿ ಓದೋ ಅಂಕಣ ಬರಿಯೋ ಹೆಣ್ಮಗಳು. ಇದನ್ನ ಬಾಗಿಲದಾಗ ತೂಗ್ಹಾಕ್ತೀಯಾ? ಆ ಗಲ್ಲದ ಕೆಳಗಿನ ಗಲ್ಲ ಅಷ್ಟು ತಗಿ. ಆ ಬಾಯಿ ಮುಚ್ಚಿಸು."

"ಎಡಿಟ್ ಅಲೌಡ್ ನಹಿ ಹೈ ಆಂಟಿ" ಎಂದಳು ಶ್ರೇಯಾ. "ರೂಲ್ ಇದೆ."

"ಹಂಗಾದ್ರ ಮಾರಿ ಮಸುಕು ಮಾಡು."

"ಬ್ಲರ್ ಮಾಡಿದ್ರೆ ಕ್ರೈಮ್ ನ್ಯೂಸ್ ಥರ ಲಗೇಗಾ."

ಸುಧಾಕರ ಒತ್ತಾಯ ಮಾಡಲಿಲ್ಲ. ಅದೇ ದೊಡ್ಡ ತೊಂದರೆ ನೋಡಿ. ಒತ್ತಾಯ ಮಾಡಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಅವನು ಹದಿನಾರು ಫಾರ್ಮುಗಳನ್ನು ಜೋಡಿಸಿ ಕವರಿಗೆ ಹಾಕಿದ. "ಬೇಡ ಬಿಡಿ ಅಕ್ಕ. ನಿಮಗೆ ಬೇಸರ ಆಗುವುದು ಬೇಡ. ಗೋಡೆ ಇನ್ನೊಮ್ಮೆ ಸಿಗ್ತದೆ" ಎಂದ. ಸಿಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮನೆಗೆ ಬಂದು ನಮ್ಮ ಯಜಮಾನರಿಗೆ ಫೋಟೋ ತೋರಿಸಿದೆ. ಸಹಾನುಭೂತಿ ಬೇಕಿತ್ತು. ಅವರು ಕನ್ನಡಕ ಹಾಕಿಕೊಂಡು ನೋಡಿ, "ಚಲೋ ಬಂದದಲ್ಲ. ದಿನಾ ಹಿಂಗ ಕಾಣ್ತಿ" ಎಂದರು. ನಾನು ಆ ದಿನ ಅವರಿಗೆ ಬರೀ ಮೊಸರನ್ನ ಬಡಿಸಿದೆ.

ಶುಕ್ರವಾರ ಬೆಳಿಗ್ಗೆ ಗೋಪಾಲನ ಫೋನ್.

"ಅಕ್ಕ, ಸುಧಾಕರಣ್ಣ ಹೇಳಿದ್ರು, ನೀವು ಸೈನ್ ಹಾಕಲಿಲ್ಲ ಅಂತ. ಮನೆಯಲ್ಲಿ ಬೈದ್ರಾ?"

"ಇಲ್ಲಪಾ, ಹಂಗೇನಿಲ್ಲ..."

"ಬೈದ್ರೆ ಹೇಳಿ. ನಾನು ನಿಮ್ಮ ಯಜಮಾನರ ಹತ್ರ ಮಾತಾಡ್ತೇನೆ. ನನ್ನ ಹೆಂಡತಿಯೂ ಮಾತಾಡ್ತಾಳಂತೆ. ಮುಖ ಹೇಗುಂಟೋ ಹಾಗೇ ಕಾಣಬೇಕು, ಅದಕ್ಕೇ ಕಲೆ ಅನ್ನುವುದು, ಅಂತ ಹೇಳ್ತೇವೆ. ನಮಗೆ ಈಗ ಎಲ್ಲ ಗೊತ್ತುಂಟು."

ಅವನು ಕುಹಕವಾಡಲಿಲ್ಲ. ನಿಜವಾಗಿಯೂ ನನ್ನ ಸಹಾಯಕ್ಕೆ ಬಂದಿದ್ದ. ಫೋನ್ ಇಟ್ಟ ಮೇಲೆ ನನಗೆ ನನ್ನ ಮೇಲೇ ಅಸಹ್ಯವಾಯಿತು. ಹದಿನಾರು ಜನರ ಮುಖ ಕಲೆ, ನನ್ನ ಮುಖ ಮಾತ್ರ ಮರ್ಯಾದೆ ಎಂದು ನನಗೆ ಯಾರು ಹೇಳಿಕೊಟ್ಟರು? ಗೋಪಾಲನಿಗೆ ಸಂಸಾರದ ಭಯವಿತ್ತು, ಆದರೂ ಸಹಿ ಹಾಕಿದ. ನನಗಿದ್ದದ್ದು ಗಲ್ಲದ ಭಯ.

ಸಯನ್‌ನಿಂದ ಲೋಕಲ್ ಹಿಡಿದೆ. ಸ್ಟುಡಿಯೋ ತಲುಪಿದಾಗ ಮೂರು ಗಂಟೆ. ಸುಧಾಕರ ಯಾರದೋ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ. ನಾನು ಏನೂ ಮಾತಾಡದೆ ಸಹಿ ಹಾಕಿದೆ. (ಮಾತಾಡದೆ, ಎಂಬುದನ್ನು ದಯವಿಟ್ಟು ಗಮನಿಸಿ.) ಅವನು ಫಾರ್ಮ್ ನೋಡಿದ, ನನ್ನನ್ನು ನೋಡಿದ, ಕ್ಯಾಮೆರಾ ಕೆಳಗಿಟ್ಟು ಮುಖ ಒರೆಸಿಕೊಂಡ. ಪಾಸ್‌ಪೋರ್ಟಿನವನು ಅಲುಗಾಡದೆ ಕಾಯುತ್ತಲೇ ಇದ್ದ.

ಕಳೆದ ವಾರ ಪ್ರದರ್ಶನ ಶುರುವಾಯಿತು. ಬಾಗಿಲು ತೆಗೆದೊಡನೆ ನಾನು, ಐದು ಅಡಿ ಎತ್ತರ, ಶಿರಾ ಸಮೇತ. ಗುರುತಿಲ್ಲದ ಜನ ಬಂದರು, ನಿಂತರು, ನೋಡಿದರು. ಒಬ್ಬಾಕೆ ನನ್ನ ಬಾಯಿಯ ಮುಂದೆ ಐದು ನಿಮಿಷ ನಿಂತಿದ್ದಳು. ಗೋಪಾಲ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಆಕೆ ನಾಲ್ವರು ಮದುವಣಗಿತ್ತಿಯರನ್ನೂ ಒಬ್ಬೊಬ್ಬರಾಗಿ ಪರಿಶೀಲಿಸಿ, ನನ್ನ ಹತ್ತಿರ ಬಂದು, "ನಿಮ್ಮದೇ ಒಳ್ಳೆಯದು ಅಕ್ಕ. ನಿಮ್ಮ ಪಕ್ಕ ಇವರು ನಗಲಿಲ್ಲ" ಎಂದಳು.

ಸುಧಾಕರ ಫೋಟೋ ನೋಡುತ್ತಿರಲಿಲ್ಲ. ಕೆಳಗಿನ ಚಿಕ್ಕ ಚೀಟಿಯಲ್ಲಿ ಅಚ್ಚಾಗಿದ್ದ ತನ್ನ ಹೆಸರನ್ನು ಓದುತ್ತಿದ್ದ. ಓದಿ ಮುಗಿಸಿ ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಬಂದು ಓದಿದ. ಸುಳ್ಳು ಯಾಕೆ ಹೇಳಲಿ, ನನ್ನ ಯಾವ ಬರಹ ಅಚ್ಚಾದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಆ ಸಂತೋಷದಲ್ಲೇ ಅವನ ಬೆನ್ನು ತಟ್ಟಿದೆ. "ಸುಧಾಕರ, ಬರೋ ವಾರದ ಅಂಕಣದಾಗ ನಿನ್ನ ಬಗ್ಗೆನ ಬರೀತೀನಿ ನೋಡು. ಎಲ್ಲಾ, ಇದ್ದದ್ದು ಇದ್ದಂಗ."

ಅವನು ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಬಿಡಿಸಿದ. ಮಿಕ್ಕಿದ್ದ ಒಂದು ಖಾಲಿ ಒಪ್ಪಿಗೆ ಪತ್ರ.

"ಇಷ್ಟು ವರ್ಷ ನೀವು ಪೇಪರಿನಲ್ಲಿ ಹಾಕಿದವರೆಲ್ಲ ಇದಕ್ಕೆ ಸೈನ್ ಹಾಕಿದ್ದಾರಾ ಅಕ್ಕ?" ಎಂದು ಕೇಳಿದ. ಪಕ್ಕದಲ್ಲಿದ್ದ ನಮ್ಮ ಯಜಮಾನರು ಜೋರಾಗಿ ಕೆಮ್ಮಿದರು.

"ನೀ ಹಾಕ್ತೀ ಹೌದಲ್ಲೋ?" ಎಂದೆ.

"ಯೋಚನೆ ಮಾಡಿ ಹೇಳುವ" ಎಂದು ಕಾಗದ ಮಡಚಿ ಮತ್ತೆ ಜೇಬಿಗಿಟ್ಟುಕೊಂಡ.

ಇನ್ನೂ ಹೇಳಿಲ್ಲ. ನೀವಂತೂ ಓದಿ ಮುಗಿಸಿಬಿಟ್ಟಿರಿ, ಈಗೇನು ಮಾಡೋಣ?