ಬಸವಂತರಾಯರ ಪೈಪುಗಳನ್ನು ತಿಕ್ಕಿದ ಸೊಸೆ

ಸಿಂಧನೂರಿನಲ್ಲಿ ಅಕ್ಕಿ ಗಿರಣಿಗಳ ಸಾಲು ಮುಗಿದು ಮನೆಗಳು ಶುರುವಾಗುವ ಓಣಿಯಲ್ಲಿ ಯಾರ ಮನೆಗೆ ಹೊಸ ಸೊಸೆ ಬಂದರೂ, ಅತ್ತೆಯಾದವಳು ಒಮ್ಮೆಯಾದರೂ ಶಿವರಂಜನಿಯ ಹೆಸರು ತೆಗೆಯುತ್ತಿದ್ದಳು. "ಆಕಿನ್ನ ನೋಡಿ ಕಲಿ. ಮಾವಾರು ಹಾಸಿಗಿ ಹಿಡದಾರ, ಮಾತು ಹೋಗೇತಿ. ಆದ್ರೂ ಅವರ ಪೈಪು ಸೈತ ದೇವರ ಸಾಮಾನಿನಂಗ ತಿಕ್ಕಿ ಇಡ್ತಾಳ."

ತಿಕ್ಕುತ್ತಿದ್ದುದು ನಿಜ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು, ಮಾವನ ಮಂಚದ ಎದುರಿಗೇ ಚಾಪೆ ಹಾಸಿಕೊಂಡು, ತಂಬಾಕು ಸೇದುವ ಒಂದು ಹಳೆಯ ಪೈಪು ಕಾಲ ಬಳಿ ಇಟ್ಟುಕೊಂಡು ಕೂತಳೆಂದರೆ ಚಹಾದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಕಿಟಕಿಯಿಂದ ಇಣುಕಿದವರಿಗೆ ಅದೊಂದು ಪೂಜೆಯಂತೆಯೇ ಕಾಣುತ್ತಿತ್ತು.

ಮಾವ ಬಸವಂತರಾಯರು ಕಾಲುವೆಯ ನೌಕರಿಯಲ್ಲಿ ಸಾಮಾನು ಕೋಠಿ ನೋಡಿಕೊಳ್ಳುತ್ತಿದ್ದವರು. ವಯಸ್ಸಿನಲ್ಲಿದ್ದಾಗ ಯಾರೋ ಇಂಜಿನಿಯರು ವರ್ಗವಾಗಿ ಹೋಗುವಾಗ ತನ್ನ ಸವೆದ ಪೈಪೊಂದನ್ನು ಅವರ ಕೈಗೆ ಕೊಟ್ಟು ಹೋಗಿದ್ದ. ಅದರಿಂದ ಹತ್ತಿದ ಚಟ ಅದು. ಹೊಗೆ ಸೇದುವುದಕ್ಕಿಂತ ಹಳೆಯ ಪೈಪುಗಳನ್ನು ಹುಡುಕಿ ತಂದು ಹೊಸದರಂತೆ ಮಾಡುವುದೇ ಅವರಿಗೆ ದೊಡ್ಡ ಚಟವಾಯಿತು. ರಾಯಚೂರಿನ ಗುಜರಿ ಅಂಗಡಿ, ಹೈದರಾಬಾದಿನ ಹಳೇ ಸಾಮಾನಿನ ಸಂತೆ, ಲಿಂಗಸುಗೂರಿನ ಕಡೆ ಮುದುಕ ಸಾಹೇಬರು ಬಿಟ್ಟುಹೋದ ಬಂಗಲೆಗಳು, ಎಲ್ಲೆಲ್ಲಿಂದಲೋ ತರುತ್ತಿದ್ದರು. ಒಡೆದದ್ದು, ಹಲ್ಲಿನಿಂದ ಕಚ್ಚಿದ ಗುರುತು ಇರುವುದು, ಒಳಗೆ ಕರಿ ಹಕ್ಕಳೆಗಟ್ಟಿ ಮುಚ್ಚಿಹೋದದ್ದು. ಭಾನುವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕಟ್ಟೆಯ ಮೇಲೆ ಕೂತು ಕೆರೆಯುತ್ತಿದ್ದರು, ಉಜ್ಜುತ್ತಿದ್ದರು, ಮೇಣ ಹಚ್ಚಿ ಹೊಳಪು ತರುತ್ತಿದ್ದರು. ಆ ಕೈ ಹಾಗೆ ಮೃದುವಾಗಿ ಬೇರೆ ಯಾವುದನ್ನೂ ಮುಟ್ಟಿದ್ದನ್ನು ಮನೆಯವರು ಕಂಡಿರಲಿಲ್ಲ.

ಶಿವರಂಜನಿ ಮಸ್ಕಿಯ ಕಿರಾಣಿ ಅಂಗಡಿಯವರ ಮಗಳು. ಬಸವಂತರಾಯರ ಒಬ್ಬನೇ ಮಗ ಚನ್ನುವನ್ನು ಮದುವೆಯಾಗಿ ಬಂದಾಗ ಅತ್ತೆ ತೀರಿಹೋಗಿದ್ದಳು, ಮನೆಯಲ್ಲಿ ಇಬ್ಬರು ಗಂಡಸರಷ್ಟೇ. ಚನ್ನು ಬಸ್ ಸ್ಟ್ಯಾಂಡಿನ ಹತ್ತಿರ ಬೀಜ, ಗೊಬ್ಬರದ ಅಂಗಡಿ ನಡೆಸುತ್ತಿದ್ದ. ಬಂದ ಹೊಸದರಲ್ಲಿ ಆಕೆ ಒಂದು ತಪ್ಪು ಮಾಡಿದಳು. ಕಟ್ಟೆಯ ಮೇಲೆ ಬಿಟ್ಟಿದ್ದ ಪೈಪುಗಳನ್ನು ಕಂಡು, ಮಾವನಿಗೆ ಸಂತೋಷವಾಗಲೆಂದು, ಕುದಿಯುವ ನೀರಿಗೆ ಸೋಪಿನ ಪುಡಿ ಹಾಕಿ ಎಲ್ಲವನ್ನೂ ಮುಳುಗಿಸಿ ತೊಳೆದಳು. ಬಾಯಿಗಿಡುವ ಕರಿ ಕೊಳವೆಗಳು ಬಿಸಿನೀರಿಗೆ ಬಣ್ಣಗೆಟ್ಟು ಹಳದಿಯಾದವು. ಮರ ನೀರು ಕುಡಿದು ಒಂದರ ತಂಬಾಕು ತುಂಬುವ ಬಟ್ಟಲು ಸೀಳಿತು.

ಬಸವಂತರಾಯರು ಬೈಯಲಿಲ್ಲ. ಉಳಿದ ಪೈಪೊಂದಕ್ಕೆ ತಂಬಾಕು ತುಂಬಿ, ಹಚ್ಚಿ, ನಿಧಾನವಾಗಿ ಸೇದುತ್ತ ಕೂತರು. ಬಟ್ಟಲೊಳಗೆ ಕೆಂಡ ಕೆಂಪಗಾದ ಮೇಲೆ ಸೊಸೆಯನ್ನು ಕರೆದರು.

"ಕೈ ಕೊಡು."

ಆಕೆ ಕೊಟ್ಟಳು. ಅವರು ಮುಂಗೈ ಹಿಡಿದು ಬಟ್ಟಲನ್ನು ಬೋರಲು ಮಾಡಿ ಅಂಗೈಯ ಹಿಂಭಾಗಕ್ಕೆ ಒತ್ತಿದರು. ಕೆಂಡ ಚರ್ಮಕ್ಕೆ ಹತ್ತಿತು.

"ಬಿಸಿ ಅಂದ್ರ ಹೆಂಗಿರ್ತೈತಿ ಗೊತ್ತಾಗ್ಲಿ ಅಂತ," ಎಂದರು. "ಇನ್ನೊಮ್ಮಿ ಮರೆಯಾಂಗಿಲ್ಲ ನೀ."

ಚನ್ನು ಅಲ್ಲೇ ಶೇಂಗಾ ಸುಲಿಯುತ್ತ ಕೂತಿದ್ದ. ತಲೆ ಎತ್ತಿ ನೋಡಿದ, ಮತ್ತೆ ಸುಲಿಯತೊಡಗಿದ. ಮಸ್ಕಿಗೆ ಹೋದಾಗ ತಾಯಿ ಬೊಬ್ಬೆಗೆ ಎಣ್ಣೆ ಹಚ್ಚಿ, "ಹಿರ್ಯಾರು ಅದಾರವ್ವಾ. ನೀನೂ ಕೇಳಿ ಮುಟ್ಟಬೇಕಿತ್ತು," ಎಂದಳು.

ಆ ಮೇಲೆ ಪ್ರತಿ ಭಾನುವಾರ ಶಿವರಂಜನಿ ಮಾವನ ಪಕ್ಕದಲ್ಲಿ ನಿಲ್ಲಬೇಕಾಯಿತು. ಹತ್ತಿ ಕೊಡು, ಸ್ಪಿರಿಟ್ ಕೊಡು, ಅರಿವೆ ಕೊಡು. ಕೂಡಲು ಹೇಳುತ್ತಿರಲಿಲ್ಲ. ಯಾರಾದರೂ ಬಂದರೆ, "ನಮ್ಮ ಸೊಸಿಗೆ ಪೈಪು ತೊಳಿಯೂದು ಚಲೋ ಬರ್ತೈತಿ, ಆಕಿ ಕೈ ನೋಡ್ರಿ," ಎಂದು ನಗುತ್ತಿದ್ದರು. ಬಂದವರೂ ನಗುತ್ತಿದ್ದರು. ಹಾಗೆ ನಿಂತು ನಿಂತೇ ಆಕೆ ಆ ಕೆಲಸವನ್ನೆಲ್ಲ ಕಲಿತಳು. ಯಾವ ಪೈಪಿನ ಹಕ್ಕಳೆಯನ್ನು ಎಷ್ಟು ಕೆರೆಯಬೇಕು, ಕೊಳವೆಯನ್ನು ಯಾವ ಕಾಗದದಿಂದ ಉಜ್ಜಬೇಕು, ಎಲ್ಲವೂ ತಿಳಿಯಿತು. ವರ್ಷಗಳು ಹೋದವು.

ಒಂದು ಬೇಸಿಗೆಯಲ್ಲಿ ಬಸವಂತರಾಯರು ಬಚ್ಚಲಲ್ಲಿ ಬಿದ್ದರು. ಬಲಗೈ, ಬಲಗಾಲು ಸತ್ತವು. ಬಾಯಿಂದ ಒಂದು ಬಗೆಯ ಊಳು ಬಿಟ್ಟರೆ ಮಾತು ಬರಲಿಲ್ಲ. ಬುದ್ಧಿ ಮಾತ್ರ ಸರಿಯಾಗಿತ್ತು. ತಂಬಾಕು ಇನ್ನು ಮನೆಯೊಳಗೇ ಬರಬಾರದೆಂದು ಡಾಕ್ಟರು ಹೇಳಿದರು. ಚನ್ನು ಇದ್ದ ತಂಬಾಕನ್ನೆಲ್ಲ ಹೊರಗೆ ಚೆಲ್ಲಿದ. ಪೈಪುಗಳು ಮಂಚದ ಎದುರಿನ ಗಾಜಿನ ಕಪಾಟಿನಲ್ಲಿ ಉಳಿದವು.

ಮುದುಕರನ್ನು ಬೆಳಿಗ್ಗೆ ತೊಳೆದು ಬಟ್ಟೆ ಬದಲಿಸಲು ಹುಸೇನಮ್ಮ ಎಂಬ ಹೆಂಗಸನ್ನು ಗೊತ್ತುಮಾಡಿಕೊಂಡರು. ತುರ್ವಿಹಾಳದಿಂದ ಬಂದು ಊರಲ್ಲೇ ನೆಲೆಸಿದವಳು, ಓಣಿಯ ಮತ್ತೆರಡು ಮನೆಗಳಲ್ಲೂ ಬಾಣಂತಿಯರ, ಮುದುಕರ ಕೆಲಸ ಮಾಡುತ್ತಿದ್ದಳು. ಬಾಯಿ ಜೋರು, ಕೈ ಹಗುರ. ಬಸವಂತರಾಯರು ಎಡಗೈಯಿಂದ ಕಪಾಟು ತೋರಿಸಿ ಊಳಿಟ್ಟರೆ ಒಂದು ಪೈಪು ತೆಗೆದು ಅವರ ಕೈಗೆ ಕೊಡುತ್ತಿದ್ದಳು. ಅವರು ಅದನ್ನು ಎದೆಯ ಮೇಲಿಟ್ಟುಕೊಂಡು ಸುಮ್ಮನಾಗುತ್ತಿದ್ದರು.

ಶಿವರಂಜನಿ ಮೊದಲ ಸಲ ಪೈಪು ಕೆಳಗಿಳಿಸಿದ್ದು ಯಾಕೆಂದು ಆಕೆಗೇ ಸರಿಯಾಗಿ ತಿಳಿಯದು. ಮಾವ ನೋಡುತ್ತಿರುವಾಗ, ಅವರನ್ನು ಕೇಳದೆ, ಆರಾಮಾಗಿ ಕೂತುಕೊಂಡು ಅವರ ವಸ್ತು ಮುಟ್ಟಿ ತಿಕ್ಕಬೇಕೆನಿಸಿತು, ಅಷ್ಟೇ. ಅವರು ಕಣ್ಣು ದೊಡ್ಡದು ಮಾಡಿ ನೋಡುತ್ತಲೇ ಇದ್ದರು. ಏನೂ ಮಾಡಲಾಗಲಿಲ್ಲ. ಆಕೆಗೆ ಎಷ್ಟೋ ವರ್ಷಗಳ ಮೇಲೆ ಆ ಮನೆಯಲ್ಲಿ ಉಸಿರು ಸಲೀಸಾಗಿ ಆಡಿದಂತಾಯಿತು.

ಮರುದಿನ ಹುಸೇನಮ್ಮ ಆ ಪೈಪನ್ನೇ ಮುದುಕರಿಗೆ ಕೊಟ್ಟಳು. ಅವರು ಮೂಗಿಗೆ ಹಿಡಿದು, ಬದಿಗೆ ಒಗೆದು, ಇನ್ನೊಂದನ್ನು ತೋರಿಸಿದರು. ಹುಸೇನಮ್ಮನಿಗೆ ಅರ್ಥವಾಯಿತು. ಅಡುಗೆಮನೆಗೆ ಬಂದು ದೊಡ್ಡದೊಂದು ಸುದ್ದಿ ತಂದವಳಂತೆ ಹೇಳಿದಳು.

"ಅಕ್ಕಾರ, ಅಜ್ಜಾರಿಗೆ ಪೈಪು ಬೇಕಾಗಿಲ್ರಿ, ವಾಸನಿ ಬೇಕಾಗೇತಿ. ಹಳೀ ತಂಬಾಕಿನ ವಾಸನಿ ಒಳಗ ಕುಂತಿರ್ತೈತಲ್ರಿ, ಅದನ್ನ ಮೂಸಿ ಸಮಾಧಾನ ಆಗ್ತಾರ. ನೀವು ತಿಕ್ಕಿದ್ದರಾಗ ಅದು ಇಲ್ಲ. ಅದಕ್ಕ ಒಗದ್ರು."

"ಹಂಗೇನು," ಎಂದಳು ಶಿವರಂಜನಿ.

"ಹೂಂರಿ. ಉಳಿದಾವನ್ನ ಹಂಗೇ ಬಿಟ್ಟುಬಿಡ್ರಿ. ಪಾಪ, ಮತ್ತೇನೈತಿ ಅವರಿಗೆ."

ಆ ಮಧ್ಯಾಹ್ನ ಶಿವರಂಜನಿ ಇನ್ನೊಂದು ಪೈಪು ಇಳಿಸಿ ಹರಳುಪ್ಪು ತಂದಳು. ಬಟ್ಟಲಿನ ಹಕ್ಕಳೆಯನ್ನು ಮರ ಕಾಣುವವರೆಗೆ ಕೆರೆದಳು. ಒಳಗೆ ಉಪ್ಪು ತುಂಬಿ, ಉಪ್ಪು ನೆನೆಯುವಷ್ಟು ಸ್ಪಿರಿಟ್ ಬಿಟ್ಟು ಕಿಟಕಿಯಲ್ಲಿ ಇಟ್ಟಳು. ಮರದೊಳಗಿನ ಹೊಗೆಯ ರಸವನ್ನೆಲ್ಲ ಉಪ್ಪು ಎಳೆದುಕೊಂಡು ಮರುದಿನಕ್ಕೆ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಚೆಲ್ಲಿ ಮತ್ತೆ ತುಂಬಿದಳು. ಉಪ್ಪು ಬೆಳ್ಳಗೇ ಉಳಿಯುವವರೆಗೆ ಬಿಡಲಿಲ್ಲ. ಕೊಳವೆಯೊಳಗೆ ಸ್ಪಿರಿಟ್ಟಿನ ಹತ್ತಿ ತೂರಿಸಿ ತೂರಿಸಿ ತೆಗೆದಳು. ಕೊನೆಗೆ ಜೇನುಮೇಣ ಹಚ್ಚಿ ಅರಿವೆಯಿಂದ ತೀಡಿದಾಗ ಪೈಪು ಕನ್ನಡಿಯಂತಾಯಿತು. ತಾನೇ ಎದ್ದು ಹೋಗಿ ಮಾವನ ಕೈಗೆ ಕೊಟ್ಟಳು.

"ಮೂಸಿ ನೋಡ್ರಿ ಮಾವಾರ. ಒಂಚೂರು ಹೊಲಸು ಉಳಿದಿಲ್ಲ."

ಬಸವಂತರಾಯರು ಮೂಸಿದರು. ಬಟ್ಟಲೊಳಗೆ ಮೂಗು ಇಟ್ಟು ಮತ್ತೆ ಎಳೆದರು. ಆಮೇಲೆ ಆಕೆಯ ಮುಖ ನೋಡಿದರು. ಆಕೆ ನೋಡುತ್ತ ನಿಂತಿದ್ದಳು. ಆ ನೋಟದಲ್ಲೇ ಇಬ್ಬರಿಗೂ ಎಲ್ಲ ತಿಳಿಯಿತು. ಮುದುಕರ ಗಂಟಲಿನಿಂದ ಹೊರಟ ಊಳು ಓಣಿಯ ಕೊನೆಯವರೆಗೆ ಕೇಳಿತು.

ನೆರೆಮನೆಯವರು ಬಂದರು. ಹೊಳೆಯುವ ಪೈಪು, ಮುದುಕರ ಕಣ್ಣೀರು ಎರಡನ್ನೂ ಕಂಡರು. "ಸಂತೋಷಕ್ಕ ಅಳಾಕತ್ತಾರ," ಎಂದಳು ಒಬ್ಬಳು. "ಹೂಂರಿ," ಎಂದಳು ಶಿವರಂಜನಿ. ಆಕೆಯ ಹೊಗಳಿಕೆ ಓಣಿಯಲ್ಲಿ ಶುರುವಾದದ್ದು ಆವತ್ತಿನಿಂದ.

ಆಕೆ ಅವಸರ ಮಾಡಲಿಲ್ಲ. ಒಂದೊಂದೇ ಇಳಿಸಿದಳು. ಯಾವುದು ಅವರಿಗೆ ಹೆಚ್ಚು ಪ್ರೀತಿಯದೋ ಅದನ್ನು ಹಿಂದಕ್ಕೆ ಇಟ್ಟಳು. ಕೆಲಸ ನಡೆಯುವಷ್ಟು ಹೊತ್ತು ಮಾವ ನೋಡಲೇಬೇಕು ಎಂದು ತಲೆದಿಂಬು ಎತ್ತರ ಮಾಡಿ ಕೂರಿಸುತ್ತಿದ್ದಳು. ರಾತ್ರಿ ಊಟಕ್ಕೆ ಬಂದ ಚನ್ನು ಒಮ್ಮೆ ಅಪ್ಪನ ಕೋಣೆಯ ಕಡೆ ನೋಡಿ, ರೊಟ್ಟಿ ಮುರಿಯುತ್ತ ಅಂದ.

"ಒಂದೆರಡು ಹಂಗೇ ಬಿಡಬೇಕಿತ್ತೇನೋ."

"ಹಂಗೇ ಬಿಡೂದು ಅಂದ್ರ?"

ಚನ್ನು ಹೆಂಡತಿಯ ಕೈ ಕಡೆ ನೋಡಿದ. ಪಲ್ಯ ಬಡಿಸುತ್ತಿದ್ದ, ಸುಟ್ಟ ಕಲೆಯ ಕೈ. "ಏನಿಲ್ಲ ಬಿಡು," ಎಂದು ಉಂಡು ಎದ್ದ. ಅವನು ಗದರಿಸಿದ್ದರೆ ಆವತ್ತೇ ನಿಲ್ಲಿಸುತ್ತಿದ್ದಳೇನೋ. ಹನ್ನೆರಡು ವರ್ಷ ಸುಮ್ಮನಿದ್ದವನು ಈಗಲೂ ಸುಮ್ಮನೇ ಇದ್ದಾನೆಂದು ಕಂಡಾಗ ಆಕೆಗೆ ಕೈ ಇನ್ನಷ್ಟು ಗಟ್ಟಿಯಾಯಿತು.

ಮಳೆಗಾಲ ಹಿಡಿಯುವ ಹೊತ್ತಿಗೆ ಕಪಾಟಿನಲ್ಲಿ ವಾಸನೆ ಇರುವ ಪೈಪು ಉಳಿದಿರಲಿಲ್ಲ. ಆದರೂ ಮುದುಕರು ಇದ್ದಕ್ಕಿದ್ದಂತೆ ಶಾಂತರಾದರು. ಗಂಜಿ ಬೇಡವೆನ್ನದೆ ಕುಡಿದರು, ಹಗಲು ನಿದ್ದೆ ಮಾಡಿದರು. ಶಿವರಂಜನಿಗೆ ಇದು ಬಗೆಹರಿಯಲಿಲ್ಲ. ಒಂದು ದಿನ ಹುಸೇನಮ್ಮ ಬರುವುದು ತಡವಾಗಿ, ತಾನೇ ದಿಂಬಿನ ಗವಸು ಬದಲಿಸಲು ಹೋದಳು. ಒಳಗೆ ಗಟ್ಟಿಯಾಗಿ ಏನೋ ಕೈಗೆ ಹತ್ತಿತು. ಇಂಜಿನಿಯರು ಕೊಟ್ಟಿದ್ದ ಆ ಮೊದಲ ಪೈಪು, ಕೊಳವೆ ಮುರಿದು ಯಾವುದೋ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದದ್ದು. ಹುಸೇನಮ್ಮ ಹುಡುಕಿ ತೆಗೆದು ಮುದುಕರ ಕಿವಿಯ ಕೆಳಗೆ ಬಚ್ಚಿಟ್ಟಿದ್ದಳು.

ಬಸವಂತರಾಯರು ಎಡಗೈಯಿಂದ ಸೊಸೆಯ ಮುಂಗೈ ಹಿಡಿದರು. ಊಳಿಡಲಿಲ್ಲ. ಬಾಯಿ ತೆರೆದು, ತುಟಿ ಅದುರಿಸುತ್ತ, ಕಣ್ಣು ತುಂಬಿಕೊಂಡು ನೋಡಿದರು. ಬೇಡಿಕೊಳ್ಳುತ್ತಿದ್ದಾರೆಂದು ಆಕೆಗೆ ಚೆನ್ನಾಗಿ ತಿಳಿಯಿತು. ಆ ಮನುಷ್ಯ ಯಾರನ್ನಾದರೂ ಬೇಡುವುದನ್ನು ಆಕೆ ಅದೇ ಮೊದಲು ಕಂಡದ್ದು. ಒಂದು ಗಳಿಗೆ ಬಿಟ್ಟುಬಿಡಲೇ ಎನಿಸಿತು. ಆಮೇಲೆ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಹುಸೇನಮ್ಮ ಬಂದಾಗ ಶಿವರಂಜನಿ ಕಟ್ಟೆಯ ಮೇಲೆ ನಿಂತಿದ್ದಳು, ಕೈಯಲ್ಲಿ ಪೈಪು.

"ಇದು ಎಲ್ಲಿಂದ ಬಂತು?"

"ನಾ ಇಟ್ಟೀನ್ರಿ," ಎಂದಳು ಹುಸೇನಮ್ಮ. "ಅಜ್ಜಾರ ಸಂಕಟ ನೋಡಾಕಾಗಲಿಲ್ಲ. ನೀವು ಮಾಡಾಕತ್ತಿದ್ದು ಚಲೋ ಅಲ್ರಿ ಅಕ್ಕಾರ."

ಶಿವರಂಜನಿ ಪಕ್ಕದ ಮನೆಯವರಿಗೆ ಕೇಳುವಂತೆ ದನಿ ಎತ್ತಿದಳು. "ಕೇಳ್ದೆ ಪೆಟಿಗಿಗೆ ಕೈ ಹಾಕೀಯಲ್ಲ, ಇವತ್ತು ಪೈಪು, ನಾಳಿ ಬಂಗಾರ. ಸಾಕವ್ವಾ ನಿನ್ನ ಕೆಲಸ, ಹೋಗು."

ಒಳಗಿನಿಂದ ಬಸವಂತರಾಯರ ಊಳು ಎದ್ದಿತು, ಅಲ್ಲ ಅಲ್ಲ ಎನ್ನುವಂತೆ. ಅದನ್ನು ಯಾರೂ ಹಾಗೆ ಕೇಳಿಸಿಕೊಳ್ಳಲಿಲ್ಲ. "ಪಾಪ, ಮಾವಾರಿಗೂ ಸಿಟ್ಟು ಬಂದೈತಿ," ಎಂದರು ಪಕ್ಕದ ಮನೆಯವರು. ಆ ವಾರವೇ ಓಣಿಯ ಉಳಿದೆರಡು ಮನೆಗಳೂ ಹುಸೇನಮ್ಮನನ್ನು ಬಿಡಿಸಿದವು.

ಕೊನೆಯ ಪೈಪನ್ನು ಶಿವರಂಜನಿ ಎಲ್ಲಕ್ಕಿಂತ ಚೊಕ್ಕ ಮಾಡಿದಳು. ಮುರಿದ ಕೊಳವೆಗೆ ಬೇರೊಂದು ಕೊಳವೆ ಉಜ್ಜಿ ಕೂಡಿಸಿದಳು. ಆದರೆ ತೋರಿಸಲು ಹೋದಾಗ ಮಾವ ಗೋಡೆಯ ಕಡೆ ಮುಖ ತಿರುಗಿಸಿದ್ದರು. ಕರೆದರೂ ತಿರುಗಲಿಲ್ಲ. ಭುಜ ಹಿಡಿದು ಹೊರಳಿಸಿದಳು. ಕಣ್ಣು ಮುಚ್ಚಿಕೊಂಡರು. ಮೂಗಿನ ಹತ್ತಿರ ಹಿಡಿದರೂ ಉಸಿರು ಎಳೆಯಲಿಲ್ಲ. ಆವತ್ತು ಶಿವರಂಜನಿಗೆ ಸಿಟ್ಟು ಬಂದಷ್ಟು ಎಂದೂ ಬಂದಿರಲಿಲ್ಲ. ಅಡುಗೆಮನೆಗೆ ಹೋಗಿ ಏನನ್ನೋ ಮಾಡಲು ನಿಂತು, ಏನು ಮಾಡಲು ಬಂದೆನೆಂದು ನೆನಪಾಗದೆ ಹಾಗೇ ನಿಂತಳು. ಅವರು ಆಮೇಲೆ ಗಂಜಿಗೂ ಬಾಯಿ ತೆರೆಯಲಿಲ್ಲ. ನವರಾತ್ರಿಗೆ ಮುಂಚೆ ತೀರಿಕೊಂಡರು.

ಶಿವಗಣಾರಾಧನೆಯ ದಿನ ಮನೆ ತುಂಬ ಜನ. ಉಂಡು ಎಲೆ ಅಡಿಕೆ ಹಾಕಿಕೊಂಡು ಕೂತ ಬೀಗರೆಲ್ಲ ಸೊಸೆಯ ಸೇವೆಯ ಮಾತೇ ಆಡಿದರು. ಗಾಜಿನ ಕಪಾಟನ್ನು ತೋರಿಸಿದರು. ಮಸ್ಕಿಯ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬಸವಂತರಾಯರ ತಂಗಿ ಬಸವಣ್ಣೆಮ್ಮ ಲಿಂಗಸುಗೂರಿನಲ್ಲಿ ಸೊಂಟ ಮುರಿದು ಮಲಗಿದ್ದಳು. ಆಕೆಯ ಮಗ ಶಿವಕಾಂತ ಎಲ್ಲರ ಎದುರು ಕೈ ಮುಗಿದ.

"ತಂಗೀ, ನಮ್ಮ ಮನ್ಯಾಗ ನೋಡೋರಿಲ್ಲ. ಅವ್ವನ್ನ ನಿನ್ನ ಕೈಯಾಗ ಹಾಕ್ತೀನಿ. ನಿನ್ನಂಗ ಯಾರು ಮಾಡ್ತಾರ?"

ಎಲ್ಲರೂ ಶಿವರಂಜನಿಯನ್ನು ನೋಡಿದರು. ಚನ್ನು ನೆಲ ನೋಡುತ್ತಿದ್ದ. ಇಲ್ಲವೆನ್ನಲು ಆಕೆಗೆ ದಾರಿಯಿರಲಿಲ್ಲ. "ಆತ್ರಿ," ಎಂದಳು.

ಬಸವಣ್ಣೆಮ್ಮ ಭಾರದ ಹೆಂಗಸು. ಒಬ್ಬರಿಂದ ಹೊರಳಿಸಲು ಆಗದು. ಗೊತ್ತುಮಾಡಿದ ಹೆಂಗಸರು ಎರಡು ದಿನ ಬಂದು ಬಿಟ್ಟರು. ಹಾಸಿಗೆ ತೊಳೆದು ತೊಳೆದು ಶಿವರಂಜನಿಯ ಬೆನ್ನು ಹಿಡಿಯಿತು. ಕೊನೆಗೆ ತಾನೇ ಹುಸೇನಮ್ಮನ ಮನೆ ಹುಡುಕಿಕೊಂಡು ಹೋಗಿ ಬಾಗಿಲಲ್ಲಿ ನಿಂತಳು. ಆವತ್ತಿನ ಕಳ್ಳತನದ ಮಾತು ತೆಗೆಯಲಿಲ್ಲ, ತಪ್ಪಾಯಿತೆನ್ನಲೂ ಇಲ್ಲ. ನಾಳೆಯಿಂದ ಬಾ ಎಂದಳು. ಬೇರೆ ಯಾವ ಮನೆಯವರೂ ಹುಸೇನಮ್ಮನನ್ನು ಕರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಬಂದಳು. ಬಸವಣ್ಣೆಮ್ಮನನ್ನು ತೊಳೆದು, ಸೀರೆ ಉಡಿಸಿ, ತಲೆ ಬಾಚಿದಳು. ಮುದುಕಿ ಅವಳ ಕಿವಿಯಲ್ಲಿ ಏನೋ ಹೇಳಿ ಸಣ್ಣಗೆ ನಕ್ಕಳು. ಹುಸೇನಮ್ಮನೂ ನಕ್ಕಳು. ಚಹಾದ ಲೋಟ ಹಿಡಿದು ಬಂದ ಶಿವರಂಜನಿ ಬಾಗಿಲಲ್ಲೇ ನಿಂತು ಕೇಳಿದಳು.

"ಏನಂತಾರ ಅತ್ತಿಯಾರು? ಏನರ ಬೇಕಂತೇನು?"

ಹುಸೇನಮ್ಮ ತಲೆ ಎತ್ತದೆ ಹಾಸಿಗೆಯ ಅಂಚು ಸರಿಪಡಿಸಿದಳು.

"ಏನು ಬೇಕಂತ ನನಗ ಗೊತ್ತೈತ್ರಿ. ನಿಮಗ ಹೇಳಾಂಗಿಲ್ಲ."